ರೋಲ್‌ಪ್ಲೇ ಅಂದ್ರೆ ತಲೆ ತಗ್ಗಿಸುತ್ತಿದ್ದ ನಾನು

ಗ್ರಾಹಕ ಸೇವೆಯ ಕೆಲಸಕ್ಕೆ ಸೇರಿದ ಮೊದಲ ವಾರದ ಮಾತು. ಟ್ರೇನರ್ "ಈಗ ರೋಲ್‌ಪ್ಲೇ ಮಾಡೋಣ, ಯಾರು ಮೊದಲು ಬರ್ತೀರಿ?" ಅಂದರು. ಏನೋ ಬಹಳ ಮುಖ್ಯವಾದದ್ದನ್ನು ಬರೆದುಕೊಳ್ಳುವವನ ಹಾಗೆ ನಾನು ನೋಟ್‌ಬುಕ್ಕಿಗೆ ತಲೆ ತಗ್ಗಿಸಿದೆ. ಪ್ರಯೋಜನ ಆಗಲಿಲ್ಲ, ನನ್ನನ್ನೇ ಕರೆದರು.

ಅವರು ಸಿಟ್ಟಿನ ಗ್ರಾಹಕ, ನಾನು ಫೋನ್ ಎತ್ತಿ ಉತ್ತರ ಕೊಡುವ ಏಜೆಂಟ್, ಇಡೀ ಬ್ಯಾಚು ಪ್ರೇಕ್ಷಕರು. "ನನ್ನ ರೀಫಂಡ್ ಇನ್ನೂ ಬಂದಿಲ್ಲ!" ಅಂತ ಅವರು ಗದರಿದ ಕೂಡಲೇ ನಾನು ನಕ್ಕುಬಿಟ್ಟೆ. ಮತ್ತೆ ಶುರು ಮಾಡಿದರು, ಮತ್ತೆ ನಗು. ಮೂರನೇ ಸಲ ಹೇಗೋ ತಡೆದುಕೊಂಡು, "ಇಲ್ಲಿ ನಾನು ಗ್ರಾಹಕರ ಹತ್ತಿರ ಸಾರಿ ಕೇಳ್ತೀನಿ, ಆಮೇಲೆ ಆರ್ಡರ್ ನಂಬರ್ ಕೇಳ್ತೀನಿ" ಅಂದೆ. ಅಂದರೆ ಮಾತಾಡುವುದನ್ನು ಬಿಟ್ಟು, ಏನು ಮಾತಾಡುತ್ತೇನೆ ಅನ್ನುವುದರ ವರದಿ ಒಪ್ಪಿಸುತ್ತಿದ್ದೆ. ಈಗ ನಾನೇ ಟ್ರೇನಿಂಗ್ ಕೊಡುತ್ತೇನೆ, ಹೊಸಬರಲ್ಲಿ ತುಂಬಾ ಜನ ಇದನ್ನೇ ಮಾಡುತ್ತಾರೆ. ನಾಚಿಕೆ ಆದಾಗ ಪಾತ್ರದಿಂದ ಹೊರಗೆ ನಿಂತು ವಿವರಿಸುವುದು ಸುಲಭ, ಅಲ್ವಾ?

ಆವತ್ತು ನನ್ನನ್ನು ಉಳಿಸಿದ್ದು ಒಬ್ಬ ಸೀನಿಯರ್. ಬ್ರೇಕ್‌ನಲ್ಲಿ ಪಕ್ಕಕ್ಕೆ ಕರೆದು, "ಏಜೆಂಟ್ ಆಗೋದು ಬಿಡು, ನೀನೇ ಗ್ರಾಹಕ ಆಗು, ನಾನು ಫೋನ್ ಎತ್ತುತ್ತೇನೆ" ಅಂದರು. ಕೆಟ್ಟ ವಸ್ತು ವಾಪಸ್ ಕಳಿಸಿ, ದಿನಗಟ್ಟಲೆ ಫೋನ್ ಮಾಡಿ, ಪ್ರತಿ ಸಲ ಹೊಸಬರೊಬ್ಬರಿಗೆ ಅದೇ ಕಥೆ ಮೊದಲಿಂದ ಹೇಳಿ ಸುಸ್ತಾದ ಅನುಭವ ನನಗೇ ಇತ್ತು. ಹಾಗಾಗಿ ನಟನೆ ಬೇಕಾಗಲೇ ಇಲ್ಲ, ನೆನಪಾದದ್ದನ್ನೇ ಹೇಳುತ್ತಾ ಹೋದೆ. ಅವರು ಸ್ಕ್ರಿಪ್ಟ್‌ನ ಪ್ರಕಾರ "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ" ಅಂದಾಗ ನಿಜವಾಗಿಯೂ ಮೈ ಉರಿಯಿತು. "ಯಾವತ್ತು ವಾಪಸ್ ಕಳಿಸಿದಿರಿ?" ಅಂತ ಕೇಳಿದರು ನೋಡಿ, ಸಿಟ್ಟು ಅರ್ಧ ಇಳಿಯಿತು. ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು, ಅಷ್ಟೇ. ಆಮೇಲೆ ಏಜೆಂಟ್ ಕುರ್ಚಿಗೆ ಬಂದಾಗ ಎದುರಿನವರಿಗೆ ಏನು ಬೇಕು ಅಂತ ಗೊತ್ತಿತ್ತು. ನಗು ಬರಲಿಲ್ಲ.

ಹೀಗೆ ಪಾತ್ರ ಅದಲು ಬದಲು ಮಾಡುವುದು ಹೊಸದೇನಲ್ಲ. 1921ರಲ್ಲಿ ವಿಯೆನ್ನಾದಲ್ಲಿ ಜೇಕಬ್ ಮೊರೆನೊ ಅನ್ನುವ ವೈದ್ಯರು ವೇದಿಕೆಯ ಮೇಲೆ ಪಾತ್ರ ಮಾಡಿಸುವ ಪ್ರಯೋಗ ಶುರು ಮಾಡಿದ್ದರು. ಮುಂದೆ ಅದು ಸೈಕೋಡ್ರಾಮಾ, ಅಂದರೆ ನಟನೆಯ ಮೂಲಕ ಮನಸ್ಸಿನ ತೊಂದರೆಗೆ ಕೊಡುವ ಚಿಕಿತ್ಸೆ ಆಯಿತು, ಅದರಲ್ಲಿ ಅದಲು ಬದಲು ಒಂದು ಮುಖ್ಯ ವಿಧಾನ. "ಇದೆಲ್ಲ ಮಕ್ಕಳಾಟ" ಅನ್ನುವವರಿಗೆ ಇನ್ನೊಂದು ವಿಷಯ ಹೇಳುತ್ತೇನೆ. 1963ರಲ್ಲಿ ಅಮೆರಿಕದ ನರರೋಗ ತಜ್ಞ ಹೊವಾರ್ಡ್ ಬ್ಯಾರೋಸ್, ರೋಗಿಯ ಹಾಗೆ ನಟಿಸಲು ಜನರಿಗೆ ತರಬೇತಿ ಕೊಟ್ಟು ವೈದ್ಯ ವಿದ್ಯಾರ್ಥಿಗಳ ಮುಂದೆ ಕೂರಿಸಿದರು. ಡಾಕ್ಟರ್ ಆಗುವವರೇ ಹೀಗೆ ಕಲಿಯುವಾಗ ನಮ್ಮದೇನು ದೊಡ್ಡಸ್ತಿಕೆ?

ನನ್ನ ಬ್ಯಾಚಿನಲ್ಲಿ ಈಗ ಇಡೀ ಕ್ಲಾಸಿನ ಮುಂದೆ ಯಾರನ್ನೂ ನಿಲ್ಲಿಸುವುದಿಲ್ಲ. ಮೂರು ಮೂರು ಜನ: ಒಬ್ಬರು ಗ್ರಾಹಕ, ಒಬ್ಬರು ಏಜೆಂಟ್, ಇನ್ನೊಬ್ಬರು ನೋಡುವವರು. ಐದು ನಿಮಿಷ, ಆಮೇಲೆ ಜಾಗ ಬದಲು. ನೋಡುವವರು ಸುಮ್ನೆ "ಚೆನ್ನಾಗಿತ್ತು" ಅನ್ನುವ ಹಾಗಿಲ್ಲ, ಕಿವಿಗೆ ಬಿದ್ದ ಒಂದು ವಾಕ್ಯ ಬರೆದು ತೋರಿಸಬೇಕು. ತಡವರಿಸಿದರೆ ಯಾರು ಬೇಕಾದರೂ "ನಿಲ್ಲಿಸು" ಅನ್ನಬಹುದು, ಎರಡು ಮಾತು ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಬಹುದು. ನಿಜವಾದ ಕಾಲ್‌ನಲ್ಲಿ ಈ ಭಾಗ್ಯ ಇಲ್ಲ.

ಒಂದು ತಪ್ಪು ನನ್ನಿಂದಲೇ ಆಯಿತು. ಒಬ್ಬ ಹುಡುಗ ಬೈಯುವ ಗ್ರಾಹಕನ ಪಾತ್ರ ಎಷ್ಟು ಚೆನ್ನಾಗಿ ಮಾಡಿದ ಅಂದರೆ, ಏಜೆಂಟ್ ಆಗಿದ್ದ ಹುಡುಗಿಯ ಕಣ್ಣಲ್ಲಿ ನೀರು ಬಂತು. ನಾನು ಚಪ್ಪಾಳೆ ತಟ್ಟಿ ಮುಂದಿನ ಸುತ್ತು ಶುರು ಮಾಡಿಸಿದೆ, ಪೆದ್ದ. ಊಟಕ್ಕೆ ಇಬ್ಬರೂ ದೂರ ದೂರ ಕೂತರು. ಆವತ್ತಿಂದ ಪ್ರತಿ ಸುತ್ತಿನ ಕೊನೆಗೆ ಕುರ್ಚಿ ಬದಲಿಸಿ, ತಮ್ಮ ಹೆಸರು ಹೇಳಿ, ಪಾತ್ರದಿಂದ ಹೊರಗೆ ಬಂದೆವು ಅಂತ ಬಾಯಿಬಿಟ್ಟು ಹೇಳಿಸುತ್ತೇನೆ. ಬೈಗುಳ ಎಷ್ಟರ ಮಟ್ಟಿಗೆ ಇರಬಹುದು ಅನ್ನುವುದೂ ಮೊದಲೇ ತೀರ್ಮಾನ.

ಹೋದ ವಾರ ಒಬ್ಬ ಹೊಸಬ ಶುರುವಿನಲ್ಲೇ ಎರಡು ಸಲ ನಕ್ಕ. ನಗಲಿ ಅಂತ ಬಿಟ್ಟೆ. ಮೂರನೇ ಸಲ ನಗು ನುಂಗಿಕೊಂಡು, "ಮೇಡಂ, ಯಾವತ್ತು ಆರ್ಡರ್ ಮಾಡಿದ್ರಿ?" ಅಂತ ಕೇಳಿದ.