ಜಾಹೀರಾತಿಗೆ ಬೇಲಿ ಹಾಕಿದ ಭಾನುವಾರ

ಜರ್ಮನಿಯ ಎರಡು ದೊಡ್ಡ ಸಾರ್ವಜನಿಕ ಟಿವಿ ವಾಹಿನಿಗಳಾದ ಎಆರ್‌ಡಿ, ಜೆಡ್‌ಡಿಎಫ್‌ಗಳಲ್ಲಿ ರಾತ್ರಿ ಎಂಟಾದ ಮೇಲೆ ಜಾಹೀರಾತು ಹಾಕುವಂತಿಲ್ಲ. ಭಾನುವಾರವಂತೂ ಇಡೀ ದಿನ ಇಲ್ಲ. ಶುಭ ಶುಕ್ರವಾರ, ಸ್ವರ್ಗಾರೋಹಣ, ಕ್ರಿಸ್ಮಸ್‌ನಂಥ ದೇಶಕ್ಕೆಲ್ಲ ಅನ್ವಯಿಸುವ ರಜೆಗಳಲ್ಲೂ ಇಲ್ಲ. ಕೆಲಸದ ದಿನಗಳಲ್ಲೂ ವರ್ಷದ ಸರಾಸರಿ ತೆಗೆದರೆ ದಿನಕ್ಕೆ 20 ನಿಮಿಷ ಮೀರಬಾರದು. ಕಾರ್ಯಕ್ರಮದ ಪ್ರಾಯೋಜಕರು ಇಂಥವರು ಎಂದು ಹೇಳುವ ಸಾಲನ್ನು ಕೂಡ 2013ರಿಂದ ಈ ಹೊತ್ತುಗಳಲ್ಲಿ ತೆಗೆದುಬಿಟ್ಟಿದ್ದಾರೆ, ದೊಡ್ಡ ಕ್ರೀಡಾಕೂಟಗಳಿಗಷ್ಟೇ ವಿನಾಯಿತಿ. ಬೆಂಗಳೂರು ಬಿಟ್ಟು ಇಲ್ಲಿ ಸ್ಟುಟ್‌ಗಾರ್ಟ್ ಸುತ್ತಮುತ್ತ ನೆಲೆಸುವ ಕನ್ನಡದ ಮನೆಗಳ ಗಮನಕ್ಕೆ ಇದು ಬೇಗ ಬರುವುದಿಲ್ಲ. ಭಾಷೆ ಬಾರದ ಟಿವಿಯನ್ನು ಹಚ್ಚುವವರು ಕಡಿಮೆ. ಆದರೆ ಕ್ರೈಸ್ತರಾದ ನಮಗೆ ಇದರಲ್ಲಿ ಕಲಿಯುವಂಥದ್ದು ಬಹಳ ಇದೆ ಎಂದು ನಂಬಿ ಊರಿನವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಖಾಸಗಿ ವಾಹಿನಿಗಳ ಮಾತು ಬೇರೆ. ಅಲ್ಲಿ ಭಾನುವಾರವೂ ಚಾಕೊಲೇಟು, ಕಾರು, ಔಷಧಿ ಎಲ್ಲ ಬರುತ್ತವೆ. ಆದರೂ ಆರಾಧನೆಯನ್ನು ಪ್ರಸಾರ ಮಾಡುವಾಗ ನಡುವೆ ಜಾಹೀರಾತು ತೂರಿಸಲು ಅವರಿಗೂ ಅವಕಾಶವಿಲ್ಲ. ಈ ನಿಯಮ ಇಡೀ ಐರೋಪ್ಯ ಒಕ್ಕೂಟಕ್ಕೆ ಅನ್ವಯಿಸುತ್ತದೆ. ಮಕ್ಕಳ ಕಾರ್ಯಕ್ರಮದ ನಡುವೆಯೂ ಜರ್ಮನಿಯಲ್ಲಿ ಜಾಹೀರಾತಿಗೆ ಜಾಗವಿಲ್ಲ. ಧರ್ಮದ ಜಾಹೀರಾತಂತೂ ಪೂರ್ತಿ ನಿಷಿದ್ಧ. ಯಾವ ಕ್ರೈಸ್ತ ಸಭೆಯೂ ಮೂವತ್ತು ಸೆಕೆಂಡು ಕೊಂಡು ತನ್ನ ಪ್ರಾರ್ಥನಾ ಕೂಟಕ್ಕೆ ಜನರನ್ನು ಕರೆಯುವಂತಿಲ್ಲ.

ನಮ್ಮ ದೇಶದಲ್ಲಿ ನಿಯಮಗಳಿಲ್ಲ ಎಂದುಕೊಳ್ಳಬೇಡಿ. 1994ರ ಕೇಬಲ್ ಟಿವಿ ನಿಯಮಗಳು ಮುಖ್ಯವಾಗಿ ಧಾರ್ಮಿಕ ಅಥವಾ ರಾಜಕೀಯ ಉದ್ದೇಶ ಇರುವ ಜಾಹೀರಾತನ್ನು ತಡೆಯುತ್ತವೆ. ಗಂಟೆಗೆ 12 ನಿಮಿಷದ ಮಿತಿಯೂ ಅದರಲ್ಲೇ ಇದೆ: ವ್ಯಾಪಾರದ್ದು 10, ವಾಹಿನಿಯ ಸ್ವಂತ ಪ್ರಚಾರದ್ದು 2. ತೊಂದರೆ ಆಗುವುದು ಅರ್ಧ ಗಂಟೆಯನ್ನೇ ದುಡ್ಡು ಕೊಟ್ಟು ಕೊಂಡು ಅದಕ್ಕೆ ಕಾರ್ಯಕ್ರಮ ಎಂದು ಹೆಸರಿಟ್ಟಾಗ. ಬೋಧನೆ ನಡೆಯುತ್ತಿರುವಾಗಲೇ ತೆರೆಯ ಕೆಳಗೆ ಫೋನ್ ನಂಬರು, ಬ್ಯಾಂಕ್ ಖಾತೆ, ಅಭಿಷೇಕದ ಎಣ್ಣೆಯ ಸುದ್ದಿ ಓಡುತ್ತಲೇ ಇರುತ್ತದೆ. ದೇವರ ವಾಕ್ಯ ಎಲ್ಲಿ ಮುಗಿಯಿತು, ಮಾರಾಟ ಎಲ್ಲಿ ಶುರುವಾಯಿತು ಎಂದು ಮನೆಯ ಹಿರಿಯರಿಗೇ ಗೊತ್ತಾಗುವುದಿಲ್ಲ. ನೋವು ಕೊಡುವ ಸಂಗತಿ ಇದು. ಇಲ್ಲಿ ಜೆಡ್‌ಡಿಎಫ್ 1963ರಿಂದ ಜಾಹೀರಾತುಗಳ ನಡುವೆ ಟೋಪಿ ಹಾಕಿದ ಆರು ಪುಟ್ಟ ಕಾರ್ಟೂನ್ ಗೊಂಬೆಗಳನ್ನು ಓಡಾಡಿಸುತ್ತದೆ. ನಾಲ್ಕು ವರ್ಷದ ಮಗುವಿಗೂ ಅವು ಬಂದವೆಂದರೆ ಇನ್ನು ಯಾರೋ ಏನೋ ಮಾರುತ್ತಾರೆ ಎಂದು ತಿಳಿಯುತ್ತದೆ. ಅಷ್ಟು ಸ್ಪಷ್ಟವಾದ ಗೆರೆ ನಮ್ಮ ಕ್ರೈಸ್ತ ಕಾರ್ಯಕ್ರಮಗಳಿಗೇ ಎಲ್ಲಕ್ಕಿಂತ ಮೊದಲು ಬೇಕು.

ಸಾರ್ವಜನಿಕ ವಾಹಿನಿಗಳು ನಂಬಿಕೆಗೆ ಕೊಡುವ ಜಾಗವನ್ನೂ ಹೇಳಬೇಕು. ಶನಿವಾರ ರಾತ್ರಿ ತಡವಾಗಿ ಎಆರ್‌ಡಿಯಲ್ಲಿ ನಾಲ್ಕು ನಿಮಿಷದ ಭಾನುವಾರದ ಚಿಂತನೆ ಬರುತ್ತದೆ. 1954ರಲ್ಲಿ ಶುರುವಾದದ್ದು ಇಂದಿಗೂ ನಡೆಯುತ್ತಿದೆ. ಕಥೋಲಿಕರು, ಪ್ರಾಟೆಸ್ಟೆಂಟರು ಇಬ್ಬರೂ ಸರದಿಯಲ್ಲಿ ಮಾತಾಡುತ್ತಾರೆ. ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಜೆಡ್‌ಡಿಎಫ್‌ನಲ್ಲಿ ಮುಕ್ಕಾಲು ಗಂಟೆಯ ಆರಾಧನೆ. ಹಾಸಿಗೆ ಹಿಡಿದವರು, ಹಳ್ಳಿಯಲ್ಲಿ ಒಬ್ಬರೇ ಇರುವ ಅಜ್ಜಿಯರು ಇದನ್ನು ತಪ್ಪದೆ ನೋಡುತ್ತಾರೆ. ಜರ್ಮನ್ ಕಲಿಯುವವರಿಗೂ ಇದು ಒಳ್ಳೆಯ ಪಾಠ. ಪರಲೋಕ ಮಂತ್ರ, ವಿಶ್ವಾಸ ಸಂಗ್ರಹದಂಥ ಪ್ರಾರ್ಥನೆಗಳು ಕನ್ನಡದಲ್ಲಿ ಬಾಯಿಪಾಠ ಇರುವುದರಿಂದ ಅರ್ಥ ಹುಡುಕುವ ಕಷ್ಟವಿಲ್ಲ, ಉಚ್ಚಾರಣೆಯ ಮೇಲೆ ಮಾತ್ರ ಗಮನ ಇಟ್ಟರೆ ಸಾಕು.

ಈ ಬೇಲಿ ಪುಕ್ಕಟೆ ಬಂದದ್ದಲ್ಲ. ಪ್ರತಿ ಮನೆಯೂ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಕಟ್ಟುತ್ತದೆ. ವರ್ಷಕ್ಕೆ 220 ಯೂರೊಗಿಂತ ಸ್ವಲ್ಪ ಹೆಚ್ಚು. ಬೆಂಗಳೂರಿನಿಂದ ಬಂದವರು ಎಡವುವುದು ಇಲ್ಲೇ. ಮನೆಯಲ್ಲಿ ಟಿವಿಯೇ ಇಲ್ಲವಲ್ಲ ಎಂದು ಶುಲ್ಕ ಕೇಳಿ ಬಂದ ಪತ್ರವನ್ನು ಬದಿಗಿಡುತ್ತಾರೆ. ಶುಲ್ಕ ಟಿವಿಯ ಮೇಲಿಲ್ಲ, ಮನೆಯ ಮೇಲಿದೆ. ವಿಳಾಸ ನೋಂದಾಯಿಸಿದ ತಿಂಗಳಿಂದಲೇ ಲೆಕ್ಕ ಶುರು, ಬಾಕಿಗೆ ದಂಡ ಬೇರೆ. ಒಂದೇ ಮನೆಯಲ್ಲಿ ನಾಲ್ವರು ಹುಡುಗರಿದ್ದರೆ ಒಬ್ಬರು ಕಟ್ಟಿದರೆ ಸಾಕು, ಉಳಿದ ಮೂವರು ಆ ಖಾತೆಯ ಸಂಖ್ಯೆ ಬರೆದು ಉತ್ತರ ಕಳಿಸಬೇಕು. ಸುಮ್ಮನಿದ್ದರೆ ಪ್ರತಿಯೊಬ್ಬರ ಹೆಸರಿಗೂ ಬಿಲ್ಲು ಬರುತ್ತದೆ.

ವಿಳಾಸ ನೋಂದಣಿಯ ಅದೇ ಅರ್ಜಿಯಲ್ಲಿ ಧರ್ಮದ ಕಾಲಂ ಇದೆ. ಕಥೋಲಿಕ ಎಂದು ಬರೆದರೆ ಸಂಬಳದಲ್ಲೇ ಚರ್ಚ್ ತೆರಿಗೆ ಕಡಿತವಾಗುತ್ತದೆ. ಸ್ಟುಟ್‌ಗಾರ್ಟ್ ಇರುವ ರಾಜ್ಯದಲ್ಲೂ ಬವೇರಿಯದಲ್ಲೂ 8 ಶೇಕಡ, ಉಳಿದ ಕಡೆ 9. ಇದು ಸಂಬಳದ ಮೇಲಿನ ಶೇಕಡವಾರು ಲೆಕ್ಕವಲ್ಲ, ಆದಾಯ ತೆರಿಗೆಯ ಮೇಲಿನದು. ತಿಂಗಳಿಗೆ 500 ಯೂರೊ ಆದಾಯ ತೆರಿಗೆ ಕಟ್ಟುವವರಿಗೆ ಚರ್ಚ್ ತೆರಿಗೆ 40 ಯೂರೊ. ವರ್ಷದ ಕೊನೆಗೆ ತೆರಿಗೆ ಲೆಕ್ಕದಲ್ಲಿ ಅದನ್ನು ಖರ್ಚಾಗಿ ತೋರಿಸಬಹುದು. ದುಡ್ಡು ಉಳಿಸಲೆಂದು ಕಚೇರಿಗೆ ಹೋಗಿ ಚರ್ಚಿನಿಂದ ಹೆಸರು ತೆಗೆಸುವವರಿದ್ದಾರೆ. ಜರ್ಮನ್ ಬಿಷಪರು 2012ರಲ್ಲಿ ತಂದ ಆದೇಶದ ಪ್ರಕಾರ ಹಾಗೆ ಹೊರಬಂದವರಿಗೆ ಪರಮಪ್ರಸಾದ ಇಲ್ಲ, ಜ್ಞಾನತಂದೆ, ಜ್ಞಾನತಾಯಿ ಆಗುವ ಹಕ್ಕೂ ಇಲ್ಲ. ತಂಗಿಯ ಮಗುವಿನ ಜ್ಞಾನಸ್ನಾನಕ್ಕೆ ಶಿವಾಜಿನಗರಕ್ಕೆ ಹೋಗುವ ಆಸೆ ಇರುವವರು ಸಹಿ ಹಾಕುವ ಮುಂಚೆ ಇದನ್ನು ತಿಳಿದಿರಬೇಕು.

ಬೇಲಿಯ ಇನ್ನೊಂದು ಬದಿ ಅಂಗಡಿಗಳದ್ದು. ಭಾನುವಾರ ವಿಶ್ರಾಂತಿಯ ದಿನ, ಮನಸ್ಸನ್ನು ಮೇಲೆತ್ತುವ ದಿನ ಎಂದು 1919ರ ವೈಮಾರ್ ಸಂವಿಧಾನ ಹೇಳಿದ್ದನ್ನು ಈಗಿನ ಸಂವಿಧಾನ ಹಾಗೆಯೇ ಉಳಿಸಿಕೊಂಡಿದೆ. ಬರ್ಲಿನ್ ರಾಜ್ಯ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕೂ ಭಾನುವಾರ ಅಂಗಡಿ ತೆರೆಯಲು ಕಾನೂನು ಮಾಡಿದಾಗ ಕಥೋಲಿಕ, ಪ್ರಾಟೆಸ್ಟೆಂಟ್ ಸಭೆಗಳೆರಡೂ ಕೋರ್ಟಿಗೆ ಹೋದವು. 2009ರ ಡಿಸೆಂಬರ್ 1ರಂದು ಸಂವಿಧಾನ ನ್ಯಾಯಾಲಯ ಸಭೆಗಳ ಪರವಾಗಿ ತೀರ್ಪು ಕೊಟ್ಟಿತು. ಇದರ ಪರಿಣಾಮ ಅಡುಗೆಮನೆಗೂ ಮುಟ್ಟುತ್ತದೆ. 2026ರಲ್ಲಿ ಕ್ರಿಸ್ಮಸ್ ಶುಕ್ರವಾರ ಬರುತ್ತದೆ. ಗುರುವಾರ 24ರ ಮಧ್ಯಾಹ್ನ ಎರಡಕ್ಕೆಲ್ಲ ಅಂಗಡಿ ಬಾಗಿಲು ಹಾಕಿದರೆ 25, 26 ಎರಡೂ ರಜೆ, 27 ಭಾನುವಾರ. ಸೋಮವಾರದವರೆಗೆ ಹಾಲಿಲ್ಲ, ತರಕಾರಿ ಇಲ್ಲ. ರಾತ್ರಿ ಹನ್ನೊಂದಕ್ಕೂ ಹತ್ತು ನಿಮಿಷದಲ್ಲಿ ಕೊತ್ತಂಬರಿ ತರಿಸಿಕೊಳ್ಳುವ ಬೆಂಗಳೂರಿನ ಅಭ್ಯಾಸದವರು 23ಕ್ಕೇ ಎಲ್ಲ ತಂದಿಟ್ಟುಕೊಳ್ಳಿ. ಮರೆತದ್ದಕ್ಕೆ ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಯೇ ಗತಿ, ಅಲ್ಲಿ ಬೆಲೆ ಜಾಸ್ತಿ.

ಬೇಲಿ ಇದ್ದ ಮಾತ್ರಕ್ಕೆ ಒಳಗೆ ಬೆಳೆ ಬರುತ್ತದೆ ಎಂದಲ್ಲ. ಭಾನುವಾರದ ಆ ನಿಶ್ಶಬ್ದದಲ್ಲಿ ಇಲ್ಲಿನ ಬಹಳ ದೇವಾಲಯಗಳ ಬೆಂಚುಗಳು ಖಾಲಿ. ನಮ್ಮ ವಿವೇಕನಗರದ ಬಾಲಯೇಸು ದೇವಾಲಯದಲ್ಲಿ ಗುರುವಾರ ಕೂಡ ನಿಲ್ಲಲು ಜಾಗ ಸಿಗುವುದಿಲ್ಲ, ಬೇಲಿ ಮಾತ್ರ ಇಲ್ಲ. ಖಾಲಿಯಾದ ಆ ಜಾಗವನ್ನು ಜಾಹೀರಾತು ಹೇಗೆ ತುಂಬುತ್ತದೆ ಎಂಬುದಕ್ಕೆ ಎಡೆಕಾ ಎಂಬ ಜರ್ಮನ್ ಸೂಪರ್‌ಮಾರ್ಕೆಟ್ 2015ರಲ್ಲಿ ಮಾಡಿದ ಕ್ರಿಸ್ಮಸ್ ಜಾಹೀರಾತನ್ನು ನೋಡಬೇಕು. ಒಬ್ಬಂಟಿ ಮುದುಕ. ಈ ಸಲವೂ ಬರಲಾಗುವುದಿಲ್ಲ ಎಂದು ಮಗಳ ದನಿ ಫೋನಿನಲ್ಲಿ. ಅವನು ಒಬ್ಬನೇ ಊಟಕ್ಕೆ ಕೂರುತ್ತಾನೆ. ಮುಂದೆ ಮಕ್ಕಳಿಗೆಲ್ಲ ಅಪ್ಪ ತೀರಿಕೊಂಡ ಸುದ್ದಿ ಹೋಗುತ್ತದೆ. ಕಪ್ಪು ಬಟ್ಟೆಯಲ್ಲಿ ಅಳುತ್ತಾ ಬಂದವರು ಮನೆಯೊಳಗೆ ಕಾಲಿಟ್ಟರೆ ಮೇಜಿನ ಮೇಲೆ ಎಲ್ಲರಿಗೂ ತಟ್ಟೆ ಇಟ್ಟಿದೆ, ಒಳಗಿನಿಂದ ಅಪ್ಪ ನಡೆದು ಬರುತ್ತಾನೆ. ನಿಮ್ಮನ್ನೆಲ್ಲ ಒಟ್ಟುಗೂಡಿಸಲು ಬೇರೆ ದಾರಿ ಏನಿತ್ತು ಎಂದು ಕೇಳುತ್ತಾನೆ. ಎರಡು ನಿಮಿಷವೂ ಇಲ್ಲದ ಈ ಚಿತ್ರವನ್ನು ಕೋಟ್ಯಂತರ ಜನ ನೋಡಿದರು.

ಬಹಳ ಚೆನ್ನಾಗಿ ಮಾಡಿದ ಕೆಲಸ ಅದು. ಸತ್ತನೆಂದು ಅತ್ತವರ ಎದುರಿಗೆ ಜೀವಂತವಾಗಿ ಬಂದು ನಿಲ್ಲುವವನು, ಚದುರಿದವರು ಒಂದೇ ಮೇಜಿಗೆ ಸೇರುವುದು, ಅಪ್ಪ ದಾರಿ ಕಾಯುವುದು: ಇದೆಲ್ಲ ನಮಗೆ ಸುವಾರ್ತೆಯಿಂದಲೇ ಗೊತ್ತು. ಅದೇ ಹಸಿವನ್ನು ಮುಟ್ಟಿ ಎಬ್ಬಿಸಿ, ಕೊನೆಗೆ ಅಂಗಡಿಯ ಹೆಸರು ತೋರಿಸುತ್ತಾರೆ. ಹಸಿವು ನಿಜವಾದದ್ದು, ಹಾಗಾಗಿಯೇ ಜಾಹೀರಾತು ನಾಟುತ್ತದೆ. ಇದನ್ನು ನೋಡಿ ಕಣ್ಣು ಒದ್ದೆಯಾದರೆ ತಪ್ಪೇನೂ ಇಲ್ಲ. ಆ ಗಳಿಗೆಯಲ್ಲೇ ಊರಿಗೆ ಒಂದು ಫೋನು ಮಾಡಿ. ಚಳಿಗಾಲದಲ್ಲಿ ಬೆಂಗಳೂರು ನಾಲ್ಕೂವರೆ ಗಂಟೆ ಮುಂದಿರುತ್ತದೆ, ಇಲ್ಲಿ ಸಂಜೆ ಐದಕ್ಕೆ ಅಲ್ಲಿ ಒಂಬತ್ತೂವರೆ.

ಬೆಂಗಳೂರಿನಲ್ಲಿ ಸರ್ಕಾರದ ಬೇಲಿಗೆ ಕಾಯಬೇಕಿಲ್ಲ, ಮನೆಯೇ ಹಾಕಿಕೊಳ್ಳಬಹುದು. ಆಗಮನ ಕಾಲ ಅದಕ್ಕೆ ಹೇಳಿ ಮಾಡಿಸಿದ ಸಮಯ. 2026ರಲ್ಲಿ ನವೆಂಬರ್ 29ಕ್ಕೆ ಶುರು. ನಾಲ್ಕು ಮೇಣದ ಬತ್ತಿಯ ಹಸಿರು ಚಕ್ರದ ಮೂಲರೂಪವನ್ನು 1839ರಲ್ಲಿ ಹ್ಯಾಂಬರ್ಗಿನಲ್ಲಿ ಯೋಹಾನ್ ವಿಖೆರ್ನ್ ಎಂಬ ಬೋಧಕರು ಬಡ ಮಕ್ಕಳ ಆಶ್ರಮದಲ್ಲಿ ಮೊದಲು ಮಾಡಿದರು. ಗಾಡಿಯ ಚಕ್ರದ ಮೇಲೆ ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ. ಈಗ ದೊಡ್ಡ ನಾಲ್ಕೇ ಉಳಿದಿವೆ. ನಮ್ಮಲ್ಲಿ ಫರ್ ಮರದ ಸೊಪ್ಪು ಸಿಗದಿದ್ದರೆ ಸರ್ವೆ ಮರದ್ದು ಸಾಕು. ಒಂದಡಿ ಅಗಲದ ಬೆತ್ತದ ಅಥವಾ ದಪ್ಪ ತಂತಿಯ ಬಳೆಗೆ ಗೇಣುದ್ದದ ಸೊಪ್ಪನ್ನು ಒಂದೇ ದಿಕ್ಕಿಗೆ ಒಂದರ ಮೇಲೊಂದು ಬರುವಂತೆ ತೆಳು ತಂತಿಯಿಂದ ಬಿಗಿಯಿರಿ. ಬತ್ತಿ ಮೂರು ಬೆರಳಿನಷ್ಟಾದರೂ ದಪ್ಪ ಇರಲಿ. ಮೊದಲನೆಯದು ನಾಲ್ಕೂ ವಾರ ಉರಿಯಬೇಕು, ತೆಳು ಬತ್ತಿ ಎರಡನೇ ವಾರ ದಾಟುವುದಿಲ್ಲ. ಪ್ರತಿ ಬತ್ತಿಯ ಕೆಳಗೆ ಲೋಹದ ಬಟ್ಟಲು, ಇಡೀ ಚಕ್ರದ ಕೆಳಗೆ ಸ್ಟೀಲ್ ತಟ್ಟೆ. ಸೊಪ್ಪು ಒಣಗಿದರೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತದೆ, ವಾರಕ್ಕೊಮ್ಮೆ ಬದಲಿಸಿ. ಫ್ಯಾನ್ ಆರಿಸಿ, ಗಾಳಿಗೆ ಬತ್ತಿ ಒಂದೇ ಕಡೆ ಕರಗುತ್ತದೆ. ಬತ್ತಿ ಉರಿಯುವ ಅರ್ಧ ಗಂಟೆ ಟಿವಿ, ಮೊಬೈಲು ಎರಡೂ ಬಂದ್. ಕುಟುಂಬ ಪ್ರಾರ್ಥನೆ, ಒಂದು ಹಾಡು, ಗೋದಲಿಯ ಕೆಲಸ, ಅಷ್ಟೇ.

ಉಳಿದ ಹೊತ್ತಿನಲ್ಲಿ ಟಿವಿ ಹಚ್ಚಿದಾಗ ಜಾಹೀರಾತು ಏಕೆ ಅಷ್ಟು ಕಿರುಚುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಮೆಲುದನಿಯನ್ನೆಲ್ಲ ಮೇಲಕ್ಕೆತ್ತಿ ಗಟ್ಟಿ ದನಿಯ ಸಮಕ್ಕೆ ಒತ್ತಿರುತ್ತಾರೆ, ಅದಕ್ಕೇ ಸರಾಸರಿ ಏರುತ್ತದೆ. ಜರ್ಮನಿಯಲ್ಲಿ 2012ರ ಆಗಸ್ಟ್ 31ರಿಂದ ಕಾರ್ಯಕ್ರಮ, ಜಾಹೀರಾತು ಎರಡಕ್ಕೂ ಒಂದೇ ಸರಾಸರಿ ಮಟ್ಟ ಇಟ್ಟಿದ್ದಾರೆ. ಮನೆಯ ಟಿವಿಯಲ್ಲಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ವಾಲ್ಯೂಮ್ ಅಥವಾ ನೈಟ್ ಮೋಡ್ ಹಾಕಿದರೆ ಸುಮಾರು ತಗ್ಗುತ್ತದೆ.

ಇನ್ನು ಯೂಟ್ಯೂಬ್. ಇಲ್ಲಿರುವ ನಾವೆಲ್ಲ ಊರಿನ ಪೂಜೆಯನ್ನು ನೋಡುವುದು ಅದರಲ್ಲೇ. ಟಿವಿ ಕಾನೂನಿನ ರಕ್ಷಣೆ ಅಲ್ಲಿಗೆ ತಲುಪುವುದಿಲ್ಲ. ದೇವಾಲಯದ ಚಾನೆಲ್ ನೋಡಿಕೊಳ್ಳುವ ಹುಡುಗರಿಗೆ ಒಂದು ವಿನಂತಿ. ಚಾನೆಲ್‌ನಿಂದ ಹಣ ಬರುವ ಹಾಗೆ ಮಾಡಿದ್ದರೆ ನೇರಪ್ರಸಾರದ ನಡುವಿನ ಜಾಹೀರಾತನ್ನು ನಿಲ್ಲಿಸಿ. ಹಣ ಬೇಡವೆಂದ ಚಾನೆಲ್ಲಿಗೂ ಯೂಟ್ಯೂಬ್ ತಾನಾಗಿ ಜಾಹೀರಾತು ಹಾಕಬಹುದು ಎಂಬ ನಿಯಮ 2021ರಿಂದ ನಮಗೂ ಅನ್ವಯಿಸುತ್ತದೆ. ಕಂಪನಿಯ ಹಾಡಿನ ಟ್ರ್ಯಾಕ್ ಹಾಕಿ ಹಾಡಿದರೆ ಹಕ್ಕುದಾರರು ವಿಡಿಯೊದ ಮೇಲೆ ಜಾಹೀರಾತು ಕೂರಿಸಬಹುದು. ಗಾಯಕವೃಂದ ಹಾರ್ಮೋನಿಯಂ, ತಬಲ ಹಿಡಿದು ತಾನೇ ಹಾಡಿದರೆ ಆ ತಲೆನೋವು ಬಹಳ ಕಡಿಮೆ. ನೋಡುವವರು ಎರಡು ನಿಮಿಷ ಮುಂಚೆಯೇ ತೆರೆದಿಟ್ಟುಕೊಳ್ಳಿ. ಮೊದಲಿನ ಜಾಹೀರಾತು ಮುಗಿದಿರುತ್ತದೆ, ಗುರುಗಳು ಶಿಲುಬೆಯ ಗುರುತು ಹಾಕುವ ಹೊತ್ತಿಗೆ ನೀವೂ ಸಿದ್ಧರಾಗಿರುತ್ತೀರಿ.

ಮಕ್ಕಳಿಗೆ ಒಂದು ಕೆಲಸ ಕೊಡಿ. ಒಂದು ಬ್ರೇಕ್‌ನಲ್ಲಿ ಬರುವಷ್ಟು ಜಾಹೀರಾತುಗಳನ್ನು ಹಾಳೆಯಲ್ಲಿ ಬರೆಯಲಿ: ಏನು ಮಾರುತ್ತಿದ್ದಾರೆ, ಯಾವ ಆಸೆ ಅಥವಾ ಭಯ ಮುಟ್ಟುತ್ತಿದ್ದಾರೆ, ಏನು ಸಿಗುತ್ತದೆ ಎಂದು ಮಾತು ಕೊಡುತ್ತಿದ್ದಾರೆ. ನಾಲ್ಕು ನಿಮಿಷದ ಬ್ರೇಕ್‌ನಲ್ಲಿ 20 ಸೆಕೆಂಡಿನವು ಹನ್ನೆರಡು ಹಿಡಿಯುತ್ತವೆ, ಬರೆಯುವಷ್ಟರಲ್ಲಿ ಮುಂದಿನದು ಬಂದುಬಿಡುತ್ತದೆ. ಆದ್ದರಿಂದ ಒಬ್ಬರಿಗೆ ನಾಲ್ಕರಂತೆ ಹಂಚಿ. ಮೊದಲ ಕಾಲಂ ಎಲ್ಲರೂ ತುಂಬುತ್ತಾರೆ. ಎರಡನೆಯದಕ್ಕೆ ಟಿವಿ ಆರಿಸಿ ಕೂತು ಮಾತಾಡಬೇಕು. ಮೈಬಣ್ಣ ಬಿಳಿ ಮಾಡುತ್ತೇವೆ ಎನ್ನುವ ಕ್ರೀಮಿನ ಜಾಹೀರಾತು ಬಂದಿದ್ದರೆ ಅದರಿಂದಲೇ ಶುರುಮಾಡಿ, ನಿನ್ನನ್ನು ಸೃಷ್ಟಿಸಿದವನು ನೋಡಿ ಏನಂದ ಎಂದು ಕೇಳಿ, ಆದಿಕಾಂಡದ ಮೊದಲ ಅಧ್ಯಾಯವನ್ನು ಅವರ ಕೈಯಲ್ಲೇ ಓದಿಸಿ.