ಅರಬೈಲ್ ಘಟ್ಟದಲ್ಲಿ ಬಿಸಿಯೇರುವ ಬುಲೆಟ್: ಮೂರು ಆಯಿಲ್, ಎರಡು ಸ್ಪ್ರಿಂಗ್

ಕೊನೆಗೂ ಸಿಕ್ಕಿತು! ಘಟ್ಟ ಹತ್ತುವಾಗ ನಮ್ಮ ಬುಲೆಟ್ ಯಾಕೆ ಅಷ್ಟು ಕಾಯುತ್ತದೆ ಅನ್ನೋದು ಗೊತ್ತಾಯಿತು. ಕಾರಣ ಆಯಿಲ್ ಅಲ್ಲ. ಉಗುರಿನಷ್ಟು ಉದ್ದದ ಎರಡು ಸ್ಪ್ರಿಂಗ್‌ಗಳು. ಇದನ್ನು ಹಿಡಿಯಲು ಆಯಿಲ್ ಬದಲಿಸಿದೆ, ಥರ್ಮಾಮೀಟರ್ ಬದಲಿಸಿದೆ, ಕೊನೆಗೆ ಪ್ರೈಮರಿ ಕವರಿಗೆ (ಇಂಜಿನ್ ಪಕ್ಕದಲ್ಲಿ ಕ್ಲಚ್ ಮುಚ್ಚುವ ಮುಚ್ಚಳ) ಕಿಟಕಿಯನ್ನೂ ಇಟ್ಟೆ. ಅದನ್ನೆಲ್ಲ ಬರೆದಿಡುತ್ತೇನೆ. ಇದೇ ಗೋಳು ಬೇರೆಯವರಿಗೂ ಇದ್ದೇ ಇರುತ್ತದೆ.

ಗಾಡಿ ಹಳೇ ಕ್ಯಾಸ್ಟ್ ಐರನ್ 350. ಬಲಗಾಲಿನ ಗೇರು, ಪಾಯಿಂಟ್ ಇಗ್ನಿಷನ್ (ಪಾಯಿಂಟ್ ಅನ್ನುವ ಸಣ್ಣ ಸ್ವಿಚ್ ತೆರೆದಾಗ ಪ್ಲಗ್‌ನಲ್ಲಿ ಕಿಡಿ ಬೀಳುವ ಹಳೇ ವ್ಯವಸ್ಥೆ). ರೀಬೋರ್, ಬಿಗ್ ಎಂಡ್ (ಪಿಸ್ಟನ್ ರಾಡ್ ಕ್ರ್ಯಾಂಕ್‌ಗೆ ಸೇರುವ ಕೆಳತುದಿಯ ಬೇರಿಂಗ್), ಆಯಿಲ್ ಪಂಪ್ ಕೆಲಸವೆಲ್ಲ ಮುಗಿದು ರನ್ನಿಂಗ್-ಇನ್ ಕೂಡ ಆಗಿದೆ. ಆ ಕತೆ ಇಲ್ಲಿ ಬೇಡ.

ತೊಂದರೆ ಇದು. ಹುಬ್ಬಳ್ಳಿಯಿಂದ ಹಾವೇರಿ, ದಾವಣಗೆರೆ ಕಡೆ ಹೈವೇಯಲ್ಲಿ ಮಟಮಟ ಮಧ್ಯಾಹ್ನ ಓಡಿಸಿದರೂ ಆಯಿಲ್ 95 ಡಿಗ್ರಿ ಆಸುಪಾಸಿನಲ್ಲೇ ಇರುತ್ತಿತ್ತು. ಒಳ್ಳೆಯ ಲೆಕ್ಕ. ಆದರೆ ಅಂಕೋಲಾದಿಂದ ವಾಪಸ್ ಬರುವಾಗ ರಾಮನಗುಳಿ ದಾಟಿ ಅರಬೈಲ್ ಘಟ್ಟ ಶುರುವಾಯಿತು ಅಂದರೆ ಮುಗಿಯಿತು. ಮುಂದೆ ಲೋಡ್ ಲಾರಿ, ಎರಡನೇ ಗೇರು, ಥ್ರಾಟಲ್ ಜಾಸ್ತಿ, ವೇಗ ಕಡಿಮೆ. ಮೇಲೆ ಹತ್ತುವಷ್ಟರಲ್ಲಿ ಮೀಟರ್ 126 ತೋರಿಸುತ್ತಿತ್ತು. ಯಲ್ಲಾಪುರದಲ್ಲಿ ನಿಲ್ಲಿಸಿದರೆ ಐಡಲ್‌ನಲ್ಲಿ ಟ್ಯಾಪೆಟ್ ಕಟಕಟ, ಕೆಳಗಿನಿಂದ ಬಿಗ್ ಎಂಡಿನ ಸಣ್ಣ ಗುಡುಗು. ತಣ್ಣಗಾದ ಮೇಲೆ ಎರಡೂ ಮಾಯ.

ನಿಧಾನ ಹೋದರೆ ಗಾಳಿ ಕಡಿಮೆ, ಏರ್ ಕೂಲ್ಡ್ ಇಂಜಿನ್ ಕಾಯುತ್ತದೆ. ಅದು ಎಲ್ಲರಿಗೂ ಗೊತ್ತು. ಆದರೆ ಗೆಳೆಯರೊಬ್ಬರ ಬುಲೆಟ್ ನಮ್ಮ ಜೊತೆಯಲ್ಲೇ ಅದೇ ಲಾರಿಯ ಹಿಂದೆ ಹತ್ತಿತ್ತು. ಅದೂ ಅದೇ ಮಾಡೆಲ್, ಅದೇ ಆಯಿಲ್. ಅದು 110 ದಾಟಲಿಲ್ಲ. ಹಾಗಾಗಿ "ಘಟ್ಟ ಅಂದ್ರೆ ಹಂಗೇನೇ" ಅಂತ ಸುಮ್ನೆ ಬಿಡಲು ಮನಸ್ಸು ಒಪ್ಪಲಿಲ್ಲ.

ಮೊದಲು ಅಳತೆಯ ಮಾತು. ಇನ್‌ಫ್ರಾರೆಡ್ ಗನ್ ಹಿಡಿದು ಕ್ರ್ಯಾಂಕ್‌ಕೇಸ್‌ಗೆ ಗುರಿ ಇಟ್ಟು ಬರುವ ನಂಬರನ್ನು ದಯವಿಟ್ಟು ನಂಬಬೇಡಿ. ಪಾಲಿಶ್ ಮಾಡಿದ ಅಲ್ಯೂಮಿನಿಯಂ ತನ್ನ ಬಿಸಿಯನ್ನು ಕಿರಣವಾಗಿ ಬಹಳ ಕಡಿಮೆ ಹೊರಬಿಡುತ್ತದೆ. ಗನ್ ಅದನ್ನು ಕಪ್ಪು ಮೇಲ್ಮೈ ಅಂದುಕೊಂಡು ಲೆಕ್ಕ ಹಾಕಿ ತೀರಾ ಕಡಿಮೆ ತೋರಿಸುತ್ತದೆ. ಒಂದು ತುಂಡು ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಗುರಿ ಇಟ್ಟರೆ ಪರವಾಗಿಲ್ಲ. ಆದರೂ ಅದು ಕೇಸಿಂಗ್‌ನ ಬಿಸಿ, ಆಯಿಲ್‌ನದ್ದಲ್ಲ. ನಾನು ಹಳೇ ಡಿಪ್‌ಸ್ಟಿಕ್ ಕ್ಯಾಪ್‌ಗೆ ಲೇತ್‌ನಲ್ಲಿ ತೂತು ಹಾಕಿಸಿ ಕೆ-ಟೈಪ್ ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಇಳಿಬಿಟ್ಟೆ. ಇನ್ನೊಂದು, ಉಂಗುರದ ಥರ ಇರುವುದು, ಪ್ಲಗ್ ವಾಷರ್ ಜಾಗದಲ್ಲಿ ಕೂತಿದೆ. ಒಂದು ಎಚ್ಚರಿಕೆ: ಪ್ಲಗ್ ಕ್ಯಾಪ್ ರೆಸಿಸ್ಟರ್ ಇಲ್ಲದ್ದಾದರೆ ಇಂಜಿನ್ ಶುರುವಾದ ಕೂಡಲೇ ನಂಬರ್ ಹುಚ್ಚು ಕುಣಿಯುತ್ತದೆ. 5 ಕಿಲೋಓಮ್ ಕ್ಯಾಪ್ ಹಾಕಿದ ಮೇಲೆ ತಣ್ಣಗಾಯಿತು.

ಈಗ ಆಯಿಲ್. ಮಿನರಲ್ 20ಡಬ್ಲ್ಯು-50, ಸೆಮಿ ಸಿಂಥೆಟಿಕ್ 15ಡಬ್ಲ್ಯು-50, ಫುಲ್ ಸಿಂಥೆಟಿಕ್ 10ಡಬ್ಲ್ಯು-50. ಮೂರನ್ನೂ ಅದೇ ಘಟ್ಟದಲ್ಲಿ ಹತ್ತಿಸಿದೆ. ಫಲಿತಾಂಶದಲ್ಲಿ ಎರಡು ಮೂರು ಡಿಗ್ರಿ ಆಚೀಚೆ. ಅಷ್ಟು ವ್ಯತ್ಯಾಸ ಲಾರಿ ಮುಂದಿದೆಯೋ ಇಲ್ಲವೋ ಅನ್ನೋದರಲ್ಲೇ ಬರುತ್ತದೆ. "ಸಿಂಥೆಟಿಕ್ ಹಾಕಿದ್ರೆ ಇಂಜಿನ್ ತಂಪು" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ನಮ್ಮ ಗಾಡಿಯಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಆಯಿಲ್ ಬಿಸಿಯನ್ನು ಹೊತ್ತುಕೊಂಡು ತಿರುಗುತ್ತದೆ. ಒಳಗೆ ಹುಟ್ಟುವ ಬಿಸಿಯನ್ನು ಕಡಿಮೆ ಮಾಡುವುದು ಅದರ ಕೈಯಲ್ಲಿಲ್ಲ.

ಹಾಗಂತ ಯಾವ ಆಯಿಲ್ ಆದರೂ ನಡೆಯುತ್ತದೆ ಅಂತ ಅಲ್ಲ. ತಣ್ಣಗಾದ ಬೆಲ್ಲದ ಪಾಕ ಬಿಸಿ ಮಾಡಿದರೆ ತೆಳ್ಳಗಾಗುವ ಹಾಗೆ ಆಯಿಲ್ ಕೂಡ ಕಾದಂತೆ ನೀರಾಗುತ್ತದೆ. ಆಯಿಲ್ ಗ್ರೇಡ್ ನಿಗದಿ ಮಾಡುವ ಎಸ್‌ಎಇ ಜೆ300 ಮಾನದಂಡದ ಪ್ರಕಾರ 50 ಗ್ರೇಡ್ (20ಡಬ್ಲ್ಯು-50ಯಲ್ಲಿ ಕೊನೆಯ ನಂಬರ್) ಅನ್ನಿಸಿಕೊಳ್ಳಲು 100 ಡಿಗ್ರಿಯಲ್ಲಿ ದಪ್ಪ ಕನಿಷ್ಠ 16.3 ಸೆಂಟಿಸ್ಟೋಕ್ (ಆಯಿಲ್ ದಪ್ಪದ ಅಳತೆ) ಇರಬೇಕು, 21.9 ಮುಟ್ಟಬಾರದು. 40 ಗ್ರೇಡ್ 12.5ರಿಂದ 16.3ರ ಒಳಗೆ. 30 ಗ್ರೇಡ್ 9.3ರಿಂದ 12.5ರ ಒಳಗೆ. ಈ ಎಲ್ಲ ನಂಬರೂ 100 ಡಿಗ್ರಿಗೆ. ನಮ್ಮ ಗಾಡಿ ಘಟ್ಟದಲ್ಲಿ 126ರಲ್ಲಿತ್ತಲ್ಲ? ಕೂತು ಲೆಕ್ಕ ಹಾಕಿದೆ. 100 ಡಿಗ್ರಿಯಲ್ಲಿ 18 ಇರುವ ಸಾಧಾರಣ 20ಡಬ್ಲ್ಯು-50, 120ಕ್ಕೆ ಸುಮಾರು 11ಕ್ಕೆ ಇಳಿಯುತ್ತದೆ. 126ಕ್ಕೆ ಸುಮಾರು 10. ಅಂದರೆ ಡಬ್ಬಿಯ ಮೇಲೆ 50 ಅಂತ ಬರೆದಿದ್ದರೂ ಬಿಗ್ ಎಂಡ್‌ಗೆ ಸಿಗುವುದು 100 ಡಿಗ್ರಿಯ 30 ಗ್ರೇಡ್‌ನಷ್ಟು ತೆಳ್ಳಗಿನ ಆಯಿಲ್. ಹಳೇ ಬುಲೆಟ್‌ನ ಬಿಗ್ ಎಂಡ್‌ನಲ್ಲಿ ಇರುವುದು ತೇಲುವ ಬುಶ್. ಅದು ಬದುಕುವುದೇ ಆಯಿಲ್ ಪದರದ ಮೇಲೆ. ಗುಡುಗು ಬರದೆ ಇನ್ನೇನು?

ಇನ್ನೊಂದು ಅಂದಾಜೂ ಇದರಲ್ಲೇ ಸಿಕ್ಕಿತು. 110 ಡಿಗ್ರಿಯಲ್ಲಿರುವ 40 ಗ್ರೇಡ್, 120ರಲ್ಲಿರುವ 50 ಗ್ರೇಡ್, ಎರಡರ ದಪ್ಪವೂ ಹೆಚ್ಚು ಕಡಿಮೆ ಒಂದೇ. ಅಂದರೆ ಒಂದು ಗ್ರೇಡ್ ಅಂದರೆ ಹತ್ತು ಡಿಗ್ರಿ. ಇಂಜಿನ್ ಇಪ್ಪತ್ತು ಡಿಗ್ರಿ ಜಾಸ್ತಿ ಕಾಯುತ್ತಿದ್ದರೆ ಅದನ್ನು ಆಯಿಲ್‌ನಿಂದ ಸರಿದೂಗಿಸಲು ಎರಡು ಗ್ರೇಡ್ ಮೇಲೆ ಹೋಗಬೇಕು. ಅದು ಆಗುವ ಮಾತಲ್ಲ. ಮೇಲಾಗಿ, ಹತ್ತು ಡಿಗ್ರಿ ಏರಿದರೆ ಆಯಿಲ್ ಕೆಡುವ ವೇಗ ಎರಡರಷ್ಟಾಗುತ್ತದೆ ಅನ್ನುವ ಹಳೆಯ ಸೂತ್ರವೂ ಇದೆಯಲ್ಲ. ತಡೆದುಕೊಳ್ಳುವುದರಲ್ಲಿ ಸಿಂಥೆಟಿಕ್ ನಿಜಕ್ಕೂ ಮೇಲು. ಅದರ ದುಡ್ಡು ಅದಕ್ಕಾಗಿ ಕೊಡಬೇಕು, ತಂಪಿಗಾಗಿ ಅಲ್ಲ.

ನಮ್ಮ ಮೇಸ್ತ್ರಿ ಇದನ್ನೆಲ್ಲ ಕೇಳಿ ಒಂದೇ ಮಾತು ಹೇಳಿದರು. "ಸರ, ಆಯಿಲ್ ಬದಲಿ ಮಾಡೋದು ಬಿಡ್ರಿ. ಬೆಂಕಿ ಎಲ್ಲಿ ಹತ್ತೈತಿ ಅದನ್ನ ನೋಡ್ರಿ."

ಬೆಂಕಿ ಅಂದರೆ ಎರಡೇ ಜಾಗ: ಪೆಟ್ರೋಲ್-ಗಾಳಿಯ ಮಿಕ್ಸ್‌ಚರ್, ಕಿಡಿ ಬೀಳುವ ಟೈಮಿಂಗ್. ಕಾರ್ಬುರೇಟರ್ ಸರಿಯಿತ್ತು. ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿ ನೋಡಿದರೆ ಪ್ಲಗ್ ಕಪ್ಪಾಯಿತು, ಬಿಸಿ ಹಾಗೇ ಇತ್ತು. ಟೈಮಿಂಗ್ ಕೂಡ ಪುಸ್ತಕದಲ್ಲಿ ಇದ್ದ ಹಾಗೇ ಇತ್ತು. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಮೀ, ಪಿಸ್ಟನ್ ಟಿಡಿಸಿಗೆ (ಪಿಸ್ಟನ್ ತೀರಾ ಮೇಲೆ ಬರುವ ಜಾಗ) 0.8 ಮಿಮೀ ಮೊದಲು ಇದ್ದಾಗ ಪಾಯಿಂಟ್ ತೆರೆದುಕೊಳ್ಳಬೇಕು. ಸಿಗರೇಟ್ ಪೇಪರ್ ಸಿಕ್ಕಿಸಿ ಎಳೆದು ನೋಡಿದರೆ ಸರಿಯಾಗಿ ಅಲ್ಲೇ ಬಿಡುತ್ತಿತ್ತು.

ಆದರೆ ಆ ಅಳತೆ ಇಂಜಿನ್ ನಿಂತಿರುವಾಗಿನದು. ಓಡುವಾಗ ಪಾಯಿಂಟ್ ಪ್ಲೇಟಿನ ಕೆಳಗಿರುವ ಆಟೋ ಅಡ್ವಾನ್ಸ್ ಯೂನಿಟ್‌ನ ಎರಡು ತೂಕಗಳು ಸುತ್ತುವ ರಭಸಕ್ಕೆ ಹೊರಗೆ ಸರಿಯುತ್ತವೆ. ಸ್ಪ್ರಿಂಗ್‌ಗಳು ಅವನ್ನು ಹಿಡಿದೆಳೆಯುತ್ತವೆ. ಆರ್‌ಪಿಎಂ ಏರಿದಂತೆ ಕಿಡಿ ಮುಂಚೆ ಬೀಳಬೇಕು. ಬೀಳುತ್ತಿದೆಯೋ ಇಲ್ಲವೋ ನೋಡಲು ಟೈಮಿಂಗ್ ಲೈಟ್ (ಪ್ರತಿ ಕಿಡಿಗೂ ಮಿಂಚುವ ದೀಪ) ಬೇಕು. ಹಳೇ ಬುಲೆಟ್‌ನಲ್ಲಿ ಲೈಟ್ ಬಿಡುವುದಾದರೂ ಎಲ್ಲಿಗೆ? ಪಾಯಿಂಟ್ ಕ್ಯಾಮ್ ಮೇಲೆ ಗುರುತು ಹಾಕಿದರೆ ಏನೂ ಕಾಣುವುದಿಲ್ಲ. ಕಿಡಿ ಬೀಳುವುದೇ ಕ್ಯಾಮ್ ಆ ಜಾಗಕ್ಕೆ ಬಂದಾಗ. ಗುರುತು ಸದಾ ನಿಂತಲ್ಲೇ ನಿಂತಿರುತ್ತದೆ. ಕ್ರ್ಯಾಂಕ್ ತುದಿಯನ್ನೇ ನೋಡಬೇಕು. ಅದು ಆಲ್ಟರ್ನೇಟರ್ ರೋಟರ್ ಸಮೇತ ಪ್ರೈಮರಿ ಕವರಿನ ಒಳಗೆ, ಕ್ಲಚ್ ಆಯಿಲ್ ಜೊತೆ ಮುಚ್ಚಿಕೊಂಡಿದೆ.

ಗುಜರಿಯಲ್ಲಿ ಒಂದು ಸೊಟ್ಟ ಪ್ರೈಮರಿ ಕವರ್ ಸಿಕ್ಕಿತು. ರೋಟರ್ ನಟ್ಟಿನ ಎದುರಿಗೆ ದುಂಡಗೆ ಕತ್ತರಿಸಿ ಪಾಲಿಕಾರ್ಬೊನೇಟ್ ಹಾಳೆ ಕೂರಿಸಿದೆ. ಅಕ್ರಿಲಿಕ್‌ಗಿಂತ ಇದು ಬಿಸಿಯನ್ನು ಚೆನ್ನಾಗಿ ತಾಳುತ್ತದೆ. ಬುಲೆಟ್‌ನ ಈ ಕವರ್ ಒಂದೇ ನಟ್ಟಿನ ಮೇಲೆ ನಿಂತಿರುವುದು ಎಷ್ಟು ಅನುಕೂಲ! ಐದು ನಿಮಿಷದಲ್ಲಿ ಬಿಚ್ಚಿ ಹಾಕಬಹುದು. ರೋಟರ್ ಮುಖಕ್ಕೆ ಬಿಳಿ ಗೆರೆ, ಸ್ಟೇಟರ್ ಸ್ಟಡ್‌ಗೆ ತಂತಿಯ ಮುಳ್ಳು. ಲೈಟಿಗೆ ಬೇರೆಯೇ 12 ವೋಲ್ಟ್ ಬ್ಯಾಟರಿ. ಆಯಿಲ್ ಸ್ವಲ್ಪ ಕಡಿಮೆ ಬಿಟ್ಟು ಸ್ವಲ್ಪ ಹೊತ್ತು ಮಾತ್ರ ಓಡಿಸಿದೆ, ಇಲ್ಲದಿದ್ದರೆ ಕಿಟಕಿಗೆ ಎರಚಿ ಏನೂ ಕಾಣುವುದಿಲ್ಲ. ಸಂಜೆ ಕತ್ತಲಾದ ಮೇಲೆ ನೋಡಿ. ಹಗಲು ಗೆರೆ ಕಾಣದು.

ಐಡಲ್‌ನಲ್ಲಿ ಗೆರೆ ತನ್ನ ಜಾಗದಲ್ಲಿತ್ತು. ಥ್ರಾಟಲ್ ತಿರುಗಿಸುತ್ತಾ ಹೋದೆ. ಗೆರೆ ಅಲ್ಲೇ. ಘಟ್ಟ ಹತ್ತುವಾಗಿನ ಆರ್‌ಪಿಎಂ ಬಂತು, ಗೆರೆ ಅಲ್ಲೇ. ಇನ್ನೂ ಜೋರು ಮಾಡಿದಾಗ ಒಮ್ಮೆಲೇ ಹೊರಟು ಪೂರ್ತಿ ಅಡ್ವಾನ್ಸ್‌ಗೆ ಹೋಯಿತು. ಆ ಕ್ಷಣಕ್ಕೆ ಎಲ್ಲ ಬಿಡಿಸಿಕೊಂಡಿತು! ಹೈವೇ ವೇಗದಲ್ಲಿ ಟೈಮಿಂಗ್ ಸರಿ, ಅದಕ್ಕೇ ಅಲ್ಲಿ 95. ಘಟ್ಟದಲ್ಲಿ ಕಡಿಮೆ ಆರ್‌ಪಿಎಂ, ಪೂರ್ತಿ ಲೋಡ್, ಕಿಡಿ ತಡ. ತಡವಾಗಿ ಉರಿದ ಪೆಟ್ರೋಲ್ ಪಿಸ್ಟನ್ ತಳ್ಳುವ ಕೆಲಸಕ್ಕೆ ಪೂರ್ತಿ ಸಿಗುವುದಿಲ್ಲ. ಸಿಲಿಂಡರ್ ಗೋಡೆಯನ್ನೂ ಎಕ್ಸಾಸ್ಟ್ ಪೋರ್ಟನ್ನೂ ಸುಡುತ್ತದೆ. ಶಕ್ತಿ ಸಾಲದೆ ಥ್ರಾಟಲ್ ಇನ್ನೂ ತೆರೆಯಬೇಕು, ಅದರಿಂದ ಇನ್ನೂ ಬಿಸಿ.

ಯೂನಿಟ್ ಬಿಚ್ಚಿದೆ. ಒಳಗಿದ್ದದ್ದು ಅಡ್ವಾನ್ಸ್ ರಿಪೇರಿ ಕಿಟ್ ಅಂತ ಆನ್‌ಲೈನ್‌ನಲ್ಲಿ ತರಿಸಿದ ಸ್ಪ್ರಿಂಗ್‌ಗಳು. ಮೇಸ್ತ್ರಿಯವರ ಡಬ್ಬಿಯಲ್ಲಿದ್ದ ಹಳೇ ಜೋಡಿಯ ಪಕ್ಕ ಇಟ್ಟರೆ ಉದ್ದ ಒಂದೇ, ತಂತಿ ದಪ್ಪ. ಎರಡಕ್ಕೂ ಒಂದೇ ತೂಕ ನೇತುಹಾಕಿದೆ. ಹಳೆಯದು ಚೆನ್ನಾಗಿ ಹಿಗ್ಗಿತು. ಕಿಟ್‌ನದ್ದು ಕದಲಲೇ ಇಲ್ಲ. ಮಾರಿದವರಿಗೆ ಫೋಟೋ ಸಮೇತ ಬರೆದರೆ "ಫಿಟ್ ಆಗುತ್ತದೆ ಅಲ್ವಾ ಸರ್?" ಅಂತ ಉತ್ತರ. ಫಿಟ್ ಆಗುವುದು ಬೇರೆ, ಕೆಲಸ ಮಾಡುವುದು ಬೇರೆ! ಸ್ಪ್ರಿಂಗ್‌ನಲ್ಲಿ ತಂತಿಯ ದಪ್ಪವೇ ಎಲ್ಲ. ಅದು ಸ್ವಲ್ಪ ಹೆಚ್ಚಿದರೂ ಬಿಗಿ ಬಹಳ ಏರುತ್ತದೆ. ಪಾರ್ಟ್ ಮಾರುವವರು ಇಷ್ಟನ್ನಾದರೂ ಅಳೆದು ಮಾರಬೇಕು. ಈ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ಇದೇ ಕಿಟ್ ಹಾಕಿಕೊಂಡು ಎಷ್ಟು ಜನ ಆಯಿಲ್ ಕಂಪನಿಗಳಿಗೆ ಬೈಯುತ್ತಿದ್ದಾರೋ.

ಹಳೇ ಸ್ಪ್ರಿಂಗ್ ಹಾಕಿ, ಸ್ಪಿಂಡಲ್‌ಗೆ ಒಂದು ಹನಿ ತೆಳು ಆಯಿಲ್ ಬಿಟ್ಟು, ಟೈಮಿಂಗ್ ಮತ್ತೆ ಕೂರಿಸಿದೆ. ಈಗ ಗೆರೆ ಐಡಲ್ ಬಿಟ್ಟ ಕೂಡಲೇ ಮೆಲ್ಲಗೆ ಸರಿಯುತ್ತದೆ. ಅದೇ ಘಟ್ಟ, ಮಿನರಲ್ 20ಡಬ್ಲ್ಯು-50, ಲಾರಿಯ ಹಿಂದೆ: 108! ಪ್ಲಗ್ ಬುಡದಲ್ಲಿ 30 ಡಿಗ್ರಿ ಇಳಿಕೆ. ಲೆಕ್ಕದಲ್ಲಿ ಆಯಿಲ್ ದಪ್ಪ 10ರಿಂದ ಸುಮಾರು 15 ಸೆಂಟಿಸ್ಟೋಕ್‌ಗೆ ಬಂತು. ಗುಡುಗು ಇಲ್ಲ. ಮೂರನೇ ಗೇರಿನಲ್ಲೇ ಹತ್ತುತ್ತಿದೆ.

ಹಾಗಾಗಿ ಈ ಗಾಡಿಗೆ ಮಿನರಲ್ 20ಡಬ್ಲ್ಯು-50 ಗಟ್ಟಿ ಮಾಡಿದ್ದೇನೆ. ಗೇರ್‌ಬಾಕ್ಸ್ ಬೇರೆ ಇರುವುದರಿಂದ ಗೇರಿನ ಹಲ್ಲುಗಳು ಆಯಿಲನ್ನು ಅರೆದು ತೆಳ್ಳಗೆ ಮಾಡುವ ಭಯ ಇಲ್ಲ. ಕ್ಲಚ್ ಪ್ರೈಮರಿ ಕೇಸಿನಲ್ಲಿ ಬೇರೆ ಇರುವುದರಿಂದ ಇಂಜಿನ್ ಆಯಿಲ್‌ಗೆ ಜಾಸೊ ಎಂಎ ಗುರುತು (ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್ ಜಾರುವುದಿಲ್ಲ ಅನ್ನುವ ಗುರುತು) ಕಡ್ಡಾಯವೂ ಅಲ್ಲ. ಯುಸಿಇ ಇಂಜಿನ್ (ಇಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿರುವ ಹೊಸ ಬುಲೆಟ್ ಇಂಜಿನ್) ಇರುವವರು ಮಾತ್ರ ಇದನ್ನು ಅನುಸರಿಸಬೇಡಿ. ನಿಮ್ಮಲ್ಲಿ ಇಂಜಿನ್, ಕ್ಲಚ್, ಗೇರು ಎಲ್ಲಕ್ಕೂ ಒಂದೇ ಆಯಿಲ್. ಕಂಪನಿ ಹೇಳಿದ 15ಡಬ್ಲ್ಯು-50, ಜಾಸೊ ಗುರುತು ಇರುವುದನ್ನೇ ಹಾಕಿ.

ಈ ಕ್ಲಚ್ ವಿಚಾರ ಬಂದಾಗಲೆಲ್ಲ ಶೆಡ್ಡಿನ ಮೂಲೆಯ ಯೆಜ್ಡಿ ರೋಡ್‌ಕಿಂಗ್ ನೆನಪಾಗುತ್ತದೆ. ಮೈಸೂರಿನ ಐಡಿಯಲ್ ಜಾವಾದ ಗಾಡಿ, ಟೂ ಸ್ಟ್ರೋಕ್. ಇಂಜಿನ್‌ಗೆ ಪೆಟ್ರೋಲ್ ಜೊತೆ ಬೆರೆಸಿದ ಆಯಿಲ್, ಆದರೆ ಕ್ಲಚ್‌ಗೂ ಗೇರಿಗೂ ಒಂದೇ ಆಯಿಲ್. ಅಲ್ಲಿ ಆಯಿಲ್ ಆರಿಸುವ ಲೆಕ್ಕವೇ ಬೇರೆ. ಕಿಕ್ಕರ್‌ನೇ ಗೇರ್ ಲಿವರ್ ಮಾಡಿದ ಆ ಬುದ್ಧಿವಂತಿಕೆಗೆ ನಾನು ಇಂದಿಗೂ ಮರುಳು. ಮಳೆಗಾಲದಲ್ಲಿ ಅದರ ಕ್ರ್ಯಾಂಕ್ ಸೀಲ್ ಕೆಲಸ ಹಿಡಿಯುತ್ತೇನೆ. ಅದರ ಪ್ಲಗ್ ಬುಡಕ್ಕೂ ಇದೇ ಥರ್ಮೋಕಪಲ್ ಹೋಗುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಪಾಯಿಂಟ್ ಬುಲೆಟ್ ಇಟ್ಟುಕೊಂಡಿರುವವರು ಕೇಳಿದರೆ ಕಿಟಕಿ ಕವರನ್ನೂ ಟೈಮಿಂಗ್ ಲೈಟನ್ನೂ ಕೊಡುತ್ತೇನೆ. ಕವರಿನ ರಬ್ಬರ್ ಸೀಲ್ ಮಾತ್ರ ನಿಮ್ಮದೇ ಹೊಸದು ತನ್ನಿ. ನನ್ನದು ಬಿಚ್ಚಿ ಹಾಕಿ ಹಿಗ್ಗಿಹೋಗಿದೆ, ಇನ್ನು ಸೋರುತ್ತದೆ.