ಖಾಲಿ ಬಕೆಟ್ಟು, ಹದಿನೈದು ಚುಕ್ಕಿ

ಆಯುಧ ಪೂಜೆಯ ಹಿಂದಿನ ದಿನ ಗಾಂಧಿ ಬಜಾರಿಗೆ ಆಟೋದಲ್ಲಿ ಹೋದೆ. ಕಾರು ಮನೆ ಎದುರಿಗೇ ಇತ್ತು. ತೊಳೆದು ಒರೆಸಿಯೂ ಆಗಿತ್ತು. ಆದರೆ ತೆಗೆದರೆ ಜಾಗ ಹೋಗುತ್ತದೆ. ಹೋಗುವಾಗ 80 ರೂಪಾಯಿ, ಬರುವಾಗ 120. ಹಬ್ಬದ ರೇಟು, ಮೀಟರ್ ಮಾತೇ ಇಲ್ಲ. ತಂದಿದ್ದೇನು? ಕಾರಿಗೆ ಹಾಕಲು ನಾಲ್ಕು ಮಾರು ಸೇವಂತಿಗೆ, ಕಾರಿಗೆ ಕಟ್ಟಲು ಎರಡು ಬಾಳೆಕಂದು, ಕಾರಿಗೆ ನಿವಾಳಿಸಲು ಒಂದು ಬೂದುಗುಂಬಳ. ಎಲ್ಲ ಕಾರಿಗೇ. ಕಾರು ಮಾತ್ರ ಕದಲಲಿಲ್ಲ.

ನಾವಿರುವುದು ಬೆಂಗಳೂರಿನ ಹನುಮಂತನಗರದ ಒಂದು ಅಡ್ಡರಸ್ತೆಯಲ್ಲಿ, ಬಾಡಿಗೆಗೆ. ಎಲ್ಲ 30×40 ಅಡಿಯ ಸೈಟುಗಳು. ಒಂದೊಂದು ಸೈಟಿನಲ್ಲಿ ಒಂದೊಂದು ಸಂಸಾರ, ಒಂದೊಂದು ಸೈಕಲ್ಲು ಇದ್ದ ಕಾಲದ ರಸ್ತೆ. ಈಗ ಒಂದೊಂದರಲ್ಲೂ ಮೂರು ಮಹಡಿ, ನಾಲ್ಕು ಸಂಸಾರ. ಪ್ಲಾನಿನಲ್ಲಿ ಕಾರು ನಿಲ್ಲಬೇಕಾದ ಕಡೆ ಟೈಲರ್ ಅಂಗಡಿ, ಜೆರಾಕ್ಸ್, ಟ್ಯೂಷನ್ನು. ಮನೆ ನೋಡಲು ಬಂದಾಗ ಓನರ್ ಅಂಕಲ್‌ನ್ನು ಕೇಳಿದ್ದೆ, ಕಾರ್ ಪಾರ್ಕಿಂಗ್ ಇದೆಯಾ ಅಂತ. "ಇದೆಯಲ್ಲಮ್ಮ, ಅಷ್ಟುದ್ದ ರೋಡಿದೆ" ಎಂದಿದ್ದರು.

ಆ ಅಷ್ಟುದ್ದ ರೋಡಿನಲ್ಲಿ ಬರೀ ರೋಡು ಎಲ್ಲೂ ಇರಲಿಲ್ಲ ಅನ್ನುವುದು ಮೊದಲ ವಾರದಲ್ಲೇ ಗೊತ್ತಾಯಿತು. ಒಂದು ಮನೆ ಮುಂದೆ ಪೇಂಟ್ ಡಬ್ಬಕ್ಕೆ ಸಿಮೆಂಟು ತುಂಬಿ ಮಧ್ಯೆ ಪೈಪು ನೆಟ್ಟಿದ್ದಾರೆ. ಇನ್ನೊಂದರ ಮುಂದೆ ಮನೆ ಕಟ್ಟಿದಾಗ ಉಳಿದ ಗ್ರಾನೈಟ್ ತುಂಡುಗಳು. ಮುಂದಿನದರಲ್ಲಿ ಹೂಕುಂಡಗಳು, ಅವುಗಳಲ್ಲಿ ಹೂವಿಲ್ಲ, ಗಿಡವೂ ಇಲ್ಲ, ಮಣ್ಣು ಮಾತ್ರ. ಕೊನೆ ಮನೆ ಅಂಕಲ್ ಹತ್ತಿರ ಒಂದು ಹಳೇ ಸ್ಕೂಟರ್ ಇದೆ. ಎರಡೂ ಟೈರು ನೆಲಕ್ಕೆ ಅಂಟಿದೆ. ಅದಕ್ಕೆ ಓಡುವ ಕೆಲಸದಿಂದ ನಿವೃತ್ತಿ ಕೊಟ್ಟು ಜಾಗ ಕಾಯುವ ಕೆಲಸಕ್ಕೆ ಹಾಕಿಕೊಂಡಿದ್ದಾರೆ. ಅವರ ಕಾರು ಹೊರಟರೆ ಸ್ಕೂಟರ್ ಮುಂದಕ್ಕೆ, ಬಂದರೆ ಹಿಂದಕ್ಕೆ. ದಿನಕ್ಕೆ ಎರಡು ಸಲ ಅದನ್ನು ಎಳೆದಾಡಿಯೇ ಅವರ ಆರೋಗ್ಯ ಚೆನ್ನಾಗಿದೆ ಅಂತ ನಮ್ಮೆಲ್ಲರ ಅಂದಾಜು.

ಇದು ಕಾನೂನಲ್ಲ, ಎಲ್ಲರಿಗೂ ಗೊತ್ತು. ಗೇಟಿಗೆ ಅಡ್ಡ ಗಾಡಿ ನಿಲ್ಲಿಸುವುದು ತಪ್ಪು, ಸರಿ. ಗೇಟಿನ ಪಕ್ಕದ ರಸ್ತೆ? ಅದು ಯಾರಪ್ಪನದೂ ಅಲ್ಲ. ಆದರೂ ಅರ್ಧಕ್ಕರ್ಧ ಗೇಟುಗಳ ಮೇಲೆ "ನೋ ಪಾರ್ಕಿಂಗ್, ಗಾಳಿ ತೆಗೆಯಲಾಗುವುದು" ಅಂತ ಬೋರ್ಡಿದೆ. ಯಾರು ತೆಗೆಯುತ್ತಾರೆ ಅಂತ ಬರೆದಿರುವುದಿಲ್ಲ. ನಮ್ಮ ಸರ್ಕಾರಿ ನೋಟಿಸುಗಳ ಭಾಷೆ ಬೀದಿಗೂ ಇಳಿದಿದೆ. ಕೋಟಿಗೂ ಹೆಚ್ಚು ಗಾಡಿ ಇರುವ ಊರಿದು. 2021ರಲ್ಲಿ ಸರ್ಕಾರ ಪಾರ್ಕಿಂಗ್ ನೀತಿ 2.0 ಅಂತ ಒಪ್ಪಿತು. ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಲು ಪರ್ಮಿಟ್, ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ದೊಡ್ಡದಕ್ಕೆ 5,000. ಪೇಪರಿನಲ್ಲಿ ಓದಿ ಬೀದಿಯವರೆಲ್ಲ ಒಂದು ವಾರ ಬೈದರು. ನಮ್ಮ ರಸ್ತೆಗೆ ಆ ಪರ್ಮಿಟ್ ಬರಲಿಲ್ಲ. ಪೇಂಟ್ ಡಬ್ಬಗಳು ಇದ್ದಲ್ಲೇ ಇದ್ದವು.

ನನಗೆ ಜಾಗ ಸಿಕ್ಕಿದ್ದು ಇಸ್ತ್ರಿ ಅಣ್ಣನಿಂದ. ಹೊಂಗೆ ಮರದ ಕೆಳಗೆ ಅವನ ಗಾಡಿ ಇದೆ. ಹೆಸರಿಗೆ ತಳ್ಳುವ ಗಾಡಿ, ಚಕ್ರದ ಸುತ್ತ ಹುಲ್ಲು ಬೆಳೆದಿದೆ. ಬೀದಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಜಾಗ ಹಿಡಿದವನು ಅವನೇ, ಆದರೆ ಅವನನ್ನು ಯಾರೂ ಏನೂ ಅನ್ನುವುದಿಲ್ಲ. ಯಾರ ಕಾರು ಎಷ್ಟು ಹೊತ್ತಿಗೆ ಹೊರಡುತ್ತೆ, ಯಾರಿಗೆ ನೈಟ್ ಶಿಫ್ಟು, ಯಾರ ಮನೆಗೆ ನೆಂಟರು ಬರ್ತಾರೆ, ಎಲ್ಲ ಅವನ ಬಾಯಲ್ಲಿದೆ. "ಅಕ್ಕಾ, ತೆಂಗಿನ ಮರದ ಕೆಳಗೆ ಯಾವಾಗ್ಲೂ ಖಾಲಿ ಇರುತ್ತೆ. ಆಸೆ ಪಡಬೇಡಿ. ಎದುರು ಮನೆ ಅಜ್ಜಿ ಕಾಂಪೌಂಡ್ ಪಕ್ಕ ಕೇಳಿ. ಅವರ ಮನೇಲಿ ಕಾರಿಲ್ಲ" ಅಂದ.

ಹೋಗಿ ಕೇಳಿದೆ. ಅಜ್ಜಿ ನನ್ನನ್ನು ನೋಡಲಿಲ್ಲ, ಕಾರನ್ನು ನೋಡಿದರು. "ಸಣ್ಣದಾ? ನಿಲ್ಸು. ಗೇಟ್ ಮುಂದೆ ಎರಡಡಿ ಬಿಡು, ನನಗೆ ರಂಗೋಲಿಗೆ ಬೇಕು."

ಅಷ್ಟೇ ಕರಾರು. ಎರಡು ವರ್ಷ ನಾನು ತಪ್ಪಲಿಲ್ಲ. ಆ ಜಾಗ ನನ್ನದು ಅಂತ ಎಲ್ಲರೂ ಒಪ್ಪಿಕೊಂಡರು. ನಾನು ಆಫೀಸಿಗೆ ಹೋದಾಗ ಬೇರೆಯವರು ನಿಲ್ಲಿಸುತ್ತಿದ್ದರು, ಸಂಜೆ ಆರಕ್ಕೆ ತೆಗೆಯುತ್ತಿದ್ದರು. ಯಾರೂ ಬರೆದಿಟ್ಟ ನಿಯಮವಲ್ಲ. ಹಾಗೆಯೇ ಇನ್ನೂ ಕೆಲವು ಇವೆ. ನೀರಿನ ಟ್ಯಾಂಕರ್ ಬಂದರೆ ಬಾಯಿ ಮುಚ್ಚಿಕೊಂಡು ಕಾರು ತೆಗೆಯಬೇಕು. ಸಾವಿನ ಮನೆ ಮುಂದಿನ ಜಾಗಕ್ಕೆ ಹದಿಮೂರು ದಿನ ಯಾರೂ ಬರಬಾರದು. ಕಾರು ಬರುವ ತನಕ ಮಗುವನ್ನು ಜಾಗದಲ್ಲಿ ನಿಲ್ಲಿಸುವುದು ಮೋಸ. ಒಮ್ಮೆ ಹೊಸಬರೊಬ್ಬರು ಹಾಗೆ ಮಾಡಿ, ಆರು ತಿಂಗಳು ಯಾರ ಬಾಯಲ್ಲೂ ನಮಸ್ಕಾರ ಕೇಳಲಿಲ್ಲ.

ಈ ಎಲ್ಲ ಲೆಕ್ಕಾಚಾರ ವರ್ಷಕ್ಕೊಂದು ದಿನ ತಲೆಕೆಳಗಾಗುತ್ತದೆ. ಅದು ಆಯುಧ ಪೂಜೆ. ಬೇರೆ ದಿನ ಅರ್ಧ ಕಾರುಗಳು ಆಫೀಸಿನಲ್ಲಿರುತ್ತವೆ. ಅವತ್ತು ಎಲ್ಲವೂ ಮನೆಯಲ್ಲಿ. ಸಾಲದ್ದಕ್ಕೆ ಆಫೀಸಿನ ಗಾಡಿ, ಅಳಿಯನ ಗಾಡಿ, ತಮ್ಮನ ಟೆಂಪೊ, ಎಲ್ಲಕ್ಕೂ ಇಲ್ಲೇ ಪೂಜೆ.

2024ರ ಅಕ್ಟೋಬರ್ 11, ಶುಕ್ರವಾರ. ಅಮ್ಮ ಮಂಡ್ಯದಿಂದ ಬೆಳಗಿನ ಬಸ್ಸಿಗೆ ಹೊರಟಿದ್ದಳು. ಏಳು ಗಂಟೆಗೆ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಾಳೆ. ಆಟೋ ಮಾಡಿಕೊಂಡು ಬಾ ಅಂದಿದ್ದೆ. "ನಾಕು ಚೀಲ ಅವೆ, ಮಂಡಿ ನೋವು ಬ್ಯಾರೆ. ಕಾರ್ ಯಾಕ್ ತಗಂಡಿದ್ದೀಯ ಮತ್ತೆ, ಪೂಜೆ ಮಾಡಕಾ?" ಅಂದಳು. ಉತ್ತರವಿರಲಿಲ್ಲ.

ಆರೂಮುಕ್ಕಾಲಿಗೆ ಕಾರು ತೆಗೆದೆ. ಜಾಗದಲ್ಲಿ ನನ್ನ ನೀಲಿ ಪ್ಲಾಸ್ಟಿಕ್ ಬಕೆಟ್ ಇಟ್ಟು, ಅದರೊಳಗೆ ನೆಲ ಒರೆಸುವ ಕೋಲು ನಿಲ್ಲಿಸಿದೆ. ಕನ್ನಡಿಯಲ್ಲಿ ನೋಡಿದೆ. ಧೈರ್ಯ ಬರಲಿಲ್ಲ. ಇಸ್ತ್ರಿ ಅಣ್ಣನೂ ಇನ್ನೂ ಬಂದಿರಲಿಲ್ಲ.

ಅಮ್ಮನನ್ನು, ನಾಲ್ಕು ಚೀಲಗಳನ್ನು ತುಂಬಿಕೊಂಡು ವಾಪಸ್ ಬರುವ ಹೊತ್ತಿಗೆ ಏಳೂಮುಕ್ಕಾಲು. ಬೀದಿ ತುಂಬಿ ಹೋಗಿತ್ತು. ಎಲ್ಲ ಕಾರಿನ ಮೂತಿಗೂ ಬಾಳೆಕಂದು. ತೆಂಗಿನ ಮರದ ಕೆಳಗೂ ಒಂದು ಕಾರು ನಿಂತಿತ್ತು ಅಂದರೆ ಲೆಕ್ಕ ಹಾಕಿ. ದೂರದಿಂದಲೇ ನೋಡಿದೆ. ನನ್ನ ಬಕೆಟ್ ಇಲ್ಲ.

ಎದೆ ಧಸಕ್ ಅಂತು. ಬಾಯಿಗೆ ಬಂದದ್ದನ್ನು ಅಮ್ಮನ ಎದುರು ನುಂಗಿಕೊಂಡೆ. ಆದರೆ ಹತ್ತಿರ ಬಂದರೆ ಜಾಗ ಖಾಲಿ! ಕಾರಿಲ್ಲ, ಬೈಕಿಲ್ಲ. ಬಕೆಟ್ ಅಜ್ಜಿಯ ಗೇಟಿನ ಒಳಗಿತ್ತು, ಬಾಯಿತನಕ ನೀರು ತುಂಬಿಕೊಂಡು. ಜಾಗದ ನಡುವೆ ಒಂದು ರಂಗೋಲಿ. ಸುತ್ತಲೂ ನೀರು ಹಾಕಿ ಗುಡಿಸಿದ್ದು ಇನ್ನೂ ಒದ್ದೆಯಿತ್ತು.

ಅಂಥ ರಂಗೋಲಿ ನಾನು ಆ ಬೀದಿಯಲ್ಲಿ ನೋಡಿರಲಿಲ್ಲ. ಎಳೆಗಳು ಒಂದರೊಳಗೊಂದು ಹೆಣೆದುಕೊಂಡು ನಕ್ಷತ್ರವಾಗಿದ್ದವು. ಎಲ್ಲೂ ಗೆರೆ ದಪ್ಪ ಆಗಿಲ್ಲ, ಸಣ್ಣ ಆಗಿಲ್ಲ. ಸುತ್ತ ಕೆಮ್ಮಣ್ಣಿನ ಅಂಚು. ಅಜ್ಜಿ ಗೇಟು ಹಿಡಿದು ನಿಂತಿದ್ದರು. ಬೆರಳ ತುದಿಯಲ್ಲಿ ಇನ್ನೂ ಬಿಳಿ ಪುಡಿ.

"ಏನೇ ನೀನು, ಹಬ್ಬದ ದಿನ ಬಾಗಿಲ ಎದುರು ಖಾಲಿ ಬಕೆಟ್ ಇಟ್ಟು ಹೋಗಿದ್ದೀಯ! ಅದಕ್ಕೊಂದು ಒರೆಸೋ ಕೋಲು ಬೇರೆ!" ಎಂದರು.

ಖಾಲಿ ಕೊಡ ಎದುರಾದರೆ ಆಗದು ಅಂತ ನನಗೂ ಗೊತ್ತು. ಬಕೆಟ್ಟೂ ಕೊಡದ ಜಾತಿಗೇ ಸೇರುತ್ತೆ ಅಂತ ಹೊಳೆದಿರಲಿಲ್ಲ.

"ಇಬ್ಬರು ಬಂದಿದ್ದರು ನಿಲ್ಲಿಸೋಕೆ. ಬಕೆಟ್ ಪಕ್ಕಕ್ಕೆ ಇಡೋಕೆ ಎಷ್ಟು ಹೊತ್ತು? ಅದಕ್ಕೇ ರಂಗೋಲಿ ಹಾಕಿಬಿಟ್ಟೆ. ಇದರ ಮೇಲೆ ಯಾರು ಹತ್ತಿಸ್ತಾರೆ ಹೇಳು? ಈಗ ನೀನು ನಿಲ್ಸು."

ನಾನು ಗೇರ್ ಹಾಕಿದೆ. ಅಮ್ಮ ಸ್ಟಿಯರಿಂಗ್ ಹಿಡಿದುಕೊಂಡಳು. "ಯಾಕವ್ವ, ತಲೆ ಕೆಟ್ಟದಾ? ಹಬ್ಬದ್ ದಿನ ರಂಗೋಲಿ ಮ್ಯಾಲೆ ಗಾಡಿ ಹತ್ತುಸ್ತಾರಾ? ತಗೀ ಅತ್ಲಾಗೆ."

ಅತ್ಲಾಗೆ ತೆಗೆಯಲು ಎಲ್ಲಿದೆ ಜಾಗ? ಹಿಂದೆ ಒಂದು ಟೆಂಪೊ ಹಾರ್ನ್ ಹೊಡೆಯುತ್ತಿತ್ತು. ಅಜ್ಜಿ "ನನ್ನ ರಂಗೋಲಿ, ನಾನೇ ಹೇಳ್ತಿದ್ದೀನಲ್ಲ, ಹತ್ತಿಸು" ಅನ್ನುತ್ತಾರೆ. ಅಮ್ಮ "ಅವರು ದೊಡ್ಡೋರು, ಹೇಳ್ತಾರೆ. ನೀನು ಹತ್ತುಸ್ಬ್ಯಾಡ" ಅನ್ನುತ್ತಾಳೆ. ಸಿಗದಿದ್ದ ಜಾಗ ಸಿಕ್ಕಿದೆ, ನಿಲ್ಲಿಸುವ ಹಾಗಿಲ್ಲ.

ಅಷ್ಟು ಹೊತ್ತಿಗೆ ಇಸ್ತ್ರಿ ಅಣ್ಣ ಬಂದ. ಹೊಸ ಬಿಳಿ ಪಂಚೆ, ಹಣೆಯಲ್ಲಿ ಕುಂಕುಮ. ಏನೂ ಕೇಳಲಿಲ್ಲ. ಬಗ್ಗಿ ರಂಗೋಲಿಯ ಅಗಲವನ್ನು ಗೇಣಿನಲ್ಲಿ ಅಳೆದ. ನಾಲ್ಕು ಗೇಣು. ನನ್ನ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಎರಡು ಚಕ್ರದ ನಡುವಿನ ಜಾಗ ಅಳೆದ. ಐದು ಗೇಣು.

"ಹಿಂದಿನ ಎರಡು ಸ್ಕೂಟರ್ ಸರಿಸಿದ್ರೆ ನೇರ ಬರಬಹುದು ಅಕ್ಕಾ. ಸ್ಟಿಯರಿಂಗ್ ಅಲ್ಲಾಡಿಸಬೇಡಿ. ನನ್ನ ಕೈ ಮಾತ್ರ ನೋಡಿ."

ಸ್ಕೂಟರ್‌ಗಳನ್ನು ಸರಿಸಿದರು. ಟೆಂಪೊದವನು ಹಾರ್ನ್ ನಿಲ್ಲಿಸಿ ಇಳಿದು ಬಂದು ಎಡಗಡೆ ಚಕ್ರ ಕಾಯಲು ನಿಂತ. ಕೊನೆ ಮನೆ ಅಂಕಲ್ ಬಲಗಡೆಗೆ. ಅಮ್ಮ ಇಳಿದು ಚೀಲ ಹಿಡಿದುಕೊಂಡೇ "ನಿಧಾನ, ನಿಧಾನ" ಅಂತ ಹಿಂದೆ ಬಂದಳು. ಡ್ರೈವಿಂಗ್ ಟೆಸ್ಟಿನಲ್ಲೂ ನನಗೆ ಅಷ್ಟು ಕೈ ನಡುಗಿರಲಿಲ್ಲ. ಬಲಕ್ಕೆ ಕೂದಲೆಳೆ, ಹಾಂ, ಸಾಕು, ಬರ್ಲಿ, ಬರ್ಲಿ, ಬರ್ಲಿ, ಸ್ಟಾಪ್.

ಇಳಿದು ಬಗ್ಗಿ ನೋಡಿದೆ. ಕಾರಿನ ಹೊಟ್ಟೆಯ ಕೆಳಗೆ ನಕ್ಷತ್ರ ಒಂದು ಎಳೆಯೂ ಅಳಿಸದೆ ಕೂತಿತ್ತು. ಕೆಮ್ಮಣ್ಣಿನ ಅಂಚು ಮಾತ್ರ ಎಡಗಡೆ ಎರಡು ಬೆರಳಷ್ಟು ಟೈರಿಗೆ ಹತ್ತಿತ್ತು. ಅಮ್ಮನಿಗೆ ಅದನ್ನು ಹೇಳಲಿಲ್ಲ.

ಪೂಜೆಯಲ್ಲಿ ಇನ್ನೊಂದು ಪೇಚು. ಚಕ್ರದಡಿ ನಿಂಬೆಹಣ್ಣು ಇಟ್ಟು ಕಾರು ಹತ್ತಿಸಬೇಕಲ್ಲ? ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ, ಮತ್ತೆ ಅಣ್ಣನ ಕೈ ನೋಡಿಕೊಂಡು. ಕುಂಬಳಕಾಯಿ ರಸ್ತೆಯಲ್ಲಿ ಒಡೆಯಲು ನನಗೆ ಮನಸ್ಸಿಲ್ಲ. ಪ್ರತಿ ವರ್ಷ ಅದರ ಮೇಲೆ ಯಾರಾದರೂ ಬೈಕಿನವರು ಜಾರಿ ಬೀಳುತ್ತಾರೆ. ಮೂಲೆಯಲ್ಲಿ ಒಡೆದು, ಚೂರುಗಳನ್ನು ಬಾಚಿ ಹಾಕಿದೆವು. ಅಜ್ಜಿಗೆ ಕಡ್ಲೆಪುರಿ ಕೊಡಲು ಹೋದಾಗ ಮೆಲ್ಲಗೆ ಕೇಳಿದೆ, ಜಾಗ ಹಿಡಿಯಲು ಸಣ್ಣ ರಂಗೋಲಿ ಸಾಕಿತ್ತಲ್ವಾ ಅಂತ.

"ಹದಿನೈದರಿಂದ ಎಂಟು, ಮಧ್ಯ ಚುಕ್ಕಿ" ಎಂದರು. "ಮದುವೆಯಾಗಿ ಬಂದಾಗ ಇಡೀ ರಸ್ತೆಗೆ ಅಡ್ಡ ಹಾಕ್ತಿದ್ದೆ. ಒಂದೊಂದೇ ಕಾರು ಬಂತು. ಹನ್ನೊಂದಕ್ಕೆ ಇಳಿದೆ, ಏಳಕ್ಕೆ ಇಳಿದೆ. ಈಗ ಎರಡಡೀಲಿ ಐದು ಚುಕ್ಕಿ. ಕೈ ಮರೆತಿದೆಯೇನೋ ಅಂತಿದ್ದೆ. ಮರೆತಿಲ್ಲ."

ಅಲ್ಲಿಗೆ ನನಗೆ ಅನುಮಾನ ಶುರುವಾಯಿತು. ಇವರು ನನ್ನ ಜಾಗ ಕಾದರೋ, ಕಾರು ಯಾವಾಗ ಹೋಗುತ್ತದೋ ಅಂತ ಎರಡು ವರ್ಷದಿಂದ ಕಾದಿದ್ದರೋ? ಎರಡಡಿಯ ಕರಾರಿನಲ್ಲಿ ಯಾರು ಯಾರಿಗೆ ಜಾಗ ಬಿಟ್ಟಿದ್ದರು ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ರಂಗೋಲಿ ಮೇಲೆ ನಿಂತ ಕಾರಿನ ಫೋಟೊವನ್ನು ಬಾಸ್ಟನ್ನಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಕಳಿಸಿದೆ. ಅವನು ಕೂಡಲೇ ಫೋನ್ ಮಾಡಿದ. ಅಲ್ಲಿ 2014–15ರ ಚಳಿಗಾಲದಲ್ಲಿ 110 ಇಂಚಿಗೂ ಹೆಚ್ಚು ಹಿಮ ಬಿದ್ದಿತ್ತು. ಒಂಬತ್ತು ಅಡಿ! ಅವನು ಎರಡು ಗಂಟೆ ಸಲಿಕೆ ಹಿಡಿದು ಕಾರನ್ನು ಹೊರತೆಗೆದು, ಆ ಗುಂಡಿಯಲ್ಲಿ ಅಡುಗೆಮನೆ ಕುರ್ಚಿ ಇಟ್ಟು ಕೆಲಸಕ್ಕೆ ಹೋದನಂತೆ. ಅವನಿರುವ ಸೌತ್ ಬಾಸ್ಟನ್ನಿನಲ್ಲಿ ಅದೇ ರೂಢಿ. ಕುರ್ಚಿ, ಕಸದ ಡಬ್ಬಿ, ಇಸ್ತ್ರಿ ಮಾಡುವ ಮೇಜು, ಸಿಕ್ಕಿದ್ದೆಲ್ಲ ಇಡುತ್ತಾರೆ. ಹಿಮದ ತುರ್ತುಸ್ಥಿತಿ ಮುಗಿದು 48 ಗಂಟೆ ತನಕ ನಗರಾಡಳಿತವೂ ಕಣ್ಣು ಮುಚ್ಚಿಕೊಳ್ಳುತ್ತದೆ, ಆಮೇಲೆ ಕಸದ ಲಾರಿ ಎತ್ತಿಕೊಂಡು ಹೋಗುತ್ತದೆ. ಪಕ್ಕದ ಸೌತ್ ಎಂಡಿನವರು ಮಾತ್ರ 2015ರಲ್ಲಿ ಈ ಪದ್ಧತಿಯೇ ಬೇಡ ಅಂದರಂತೆ.

"ನಮ್ಮಲ್ಲಿ ಅಗೆದವನಿಗೆ ಜಾಗ" ಅಂದ. "ನೀವು ಏನು ಅಗೆದಿದ್ದೀರಿ ಅಂತ ಕುಂಡ ಇಡ್ತೀರಿ?"

ನಾನು ಏನೂ ಅಗೆದಿಲ್ಲ. ಕೊನೆ ಮನೆ ಅಂಕಲ್ಲೂ ಅಗೆದಿಲ್ಲ. ಆ ರಸ್ತೆಗೆ ದಿನಾ ಬೆಳಿಗ್ಗೆ ಐದೂವರೆಗೆ ಪೊರಕೆ ಹಿಡಿದು ಬಗ್ಗುವವರು ಒಬ್ಬರೇ, ಅವರಿಗೆ ಕಾರಿಲ್ಲ. ಅವನಿಗೆ ಇದನ್ನು ಹೇಳಲು ಹೋದೆ. ಅಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡು ಅವನಿಗೆ ಮದುವೆ ವಿಷಯ ಶುರು ಮಾಡಿದಳು.

ಮೂರು ದಿನ ಕಾರು ಕದಲಿಸಲಿಲ್ಲ. ಸೋಮವಾರ ಆಫೀಸಿಗೆ ಹೊರಡಲು ತೆಗೆದಾಗ ಬೀದಿಯ ಬೇರೆ ರಂಗೋಲಿಗಳೆಲ್ಲ ಚಕ್ರ, ಚಪ್ಪಲಿಗೆ ಸಿಕ್ಕಿ ಅಳಿಸಿ ಹೋಗಿದ್ದವು. ನನ್ನ ಕಾರಿನ ಕೆಳಗಿನದು ಹಾಗೇ ಇತ್ತು. ನಡುವೆ ಒಂದು ಕಡೆ ಮಾತ್ರ ರೂಪಾಯಿ ನಾಣ್ಯದಷ್ಟು ಕಪ್ಪು ಎಣ್ಣೆಯ ಕಲೆ.

ಅಜ್ಜಿ ಪೊರಕೆ ಹಿಡಿದು ಬಂದು, ಮೊಣಕಾಲ ಮೇಲೆ ಕೈಯಿಟ್ಟು ಬಗ್ಗಿ ನೋಡಿದರು.

"ನಿನ್ನ ಗಾಡೀನೂ ಒಂದು ಚುಕ್ಕಿ ಇಟ್ಟಿದೆ ನೋಡು. ಸರ್ವೀಸಿಗೆ ಬಿಡು. ಜಾಗ ನಾನು ನೋಡ್ಕೋತೀನಿ." ಎರಡು ಹೆಜ್ಜೆ ಹೋದವರು ತಿರುಗಿದರು. "ಬಕೆಟ್ ಇಡೋದಾದ್ರೆ ತುಂಬಿಸಿಟ್ಟು ಹೋಗು."